ಇಪ್ಪತ್ತೆರಡನೇ ಸಾಮಾನು

ನಮ್ಮ ಮನಿತನದಾಗ ಅತ್ತಿ ಅಳಿಯನ ಕೂಡ ಮಾತಾಡೋ ಪದ್ಧತಿ ಇಲ್ಲ. ಜಗಳ ಆಗಿ ಅಲ್ಲ ಮತ್ತ, ಮರ್ಯಾದಿ. ನನ್ನ ಮಗಳು ದ್ರಾಕ್ಷಾಯಿಣಿ ಮದುವಿ ಆಗಿ ಇಪ್ಪತ್ನಾಕು ವರ್ಷ. ನಮ್ಮ ಮನಿಯವರು ತೀರಿಕೊಂಡ ಮ್ಯಾಲೆ ನಾ ಬಾದಾಮಿ ಕಡಿಂದ ಈ ಗೋವಾಕ್ಕ, ಕೊರ್ಲಿಮ್‌ದಾಗಿನ ಮಗಳ ಮನಿಗೆ ಬಂದು ಹನ್ನೊಂದು ವರ್ಷ ನಾಕು ತಿಂಗಳು. ಈಗ ಹೇಳೋ ಸಂಗತಿ ಆಗೋತನಕಾ ಅಳಿಯಂದ್ರು ಠಾಕಪ್ಪನವರ ಕೂಡ ನಾ ನೇರವಾಗಿ ಒಂದು ಮಾತು ಆಡಿದಾಕಿ ಅಲ್ಲ, ಅವರೂ ಆಡಿದವರಲ್ಲ. ಮನಿ ನೋಡಿದ್ರ ಎರಡೇ ಖೋಲಿ. ಅವರು ಹೊರಗಿಂದ ಬಂದ್ರ ನಾ ಸೆರಗು ತಲಿಮ್ಯಾಲೆ ಎಳಕೊಂಡು ಅಡಗಿಮನಿಗೆ. ಅವರು ನೀರು ಕುಡಿಯಾಕ ಅಡಗಿಮನಿಗೆ ಬಂದ್ರ ನಾ ಹಿತ್ತಲಕ್ಕ.

ಮಾತೆಲ್ಲಾ ಮಗಳ ಮುಖಾಂತರ. "ದ್ರಾಕ್ಷಾಯಿಣಿ, ಅಳಿಯಂದ್ರಿಗೆ ರೊಟ್ಟಿ ಬೇಕೇನು ಕೇಳು" ಅಂತೀನಿ. ಅಳಿಯಂದ್ರು ನನ್ನಿಂದ ನಾಕು ಮೊಳ ದೂರದಾಗ ಕುಂತಿರ್ತಾರ, ಅವರ ಕಿವಿನೂ ಚಲೋ ಅದಾವ. ಆದ್ರೂ ಮಗಳು "ರೀ, ರೊಟ್ಟಿ ಬೇಕೇನ್ರಿ" ಅನ್ನೋತನಕಾ ಅವರಿಗೆ ಏನೂ ಕೇಳಿಸಂಗಿಲ್ಲ. ಎರಡು ರಾಜ್ಯದ ನಡುವ ಇಂಥಾ ಚೊಕ್ಕ ರಾಯಭಾರ ಇದ್ರ ಯುದ್ಧನ ಆಗಂಗಿಲ್ಲ ಅಂತ ನನಗ ಭಾಳ ಹೆಮ್ಮಿ ಇತ್ತು. (ಇತ್ತು ಅಂದೆ. ಈಗಿನ ಮಾತು ಬ್ಯಾರೆ.)

ಅಳಿಯಂದ್ರ ಕಡೆ ಹತ್ತು ಮಂದಿ ಕುಂದ್ರೋವಂಥಾ ಒಂದು ಹಳೇ ಎತ್ತರದ ಗಾಡಿ ಐತಿ. ಮುಂಜಾನಿ ಕೆಲಸಗಾರರನ್ನ ಮಡ್ಕಯಿ ಕಾರ್ಖಾನಿಗೆ ಒಯ್ಯೋದು, ಸಂಜಿಮುಂದ ತರೋದು. ಎರಡು ಸಾವಿರದ ಒಂಬತ್ತನೇ ಇಸವಿ ಜನವರಿದಾಗ ಆ ಗಾಡಿ ಹಿಂದಿನ ಬಲಗಾಲಿ ಗುಂಯ್ ಅನ್ನಾಕ ಹತ್ತಿತು. ಮೊದಲ ಜೇನುಹುಳದಂಗ, ಆಮ್ಯಾಲೆ ಬೀಸುಕಲ್ಲಿನ್ಯಾಗ ಉಸುಕು ಬಿದ್ದಂಗ, ಕಡೀಕ ಗಿರಣಿ ಹೊಂಟಂಗ. ಒಳಗ ಕುಂತವರು ಒಬ್ಬರಿಗೊಬ್ಬರು ಒದರಿ ಮಾತಾಡಬೇಕು. "ಬೇರಿಂಗ್ ಸವದೈತಿ. ಹಂಗ ಓಡಿಸಿದ್ರ ಗಾಲಿ ದಾರ್‍ಯಾಗ ಕಳಚಿ ಹೋದ್ರೂ ಹೋತು" ಅಂತ ಅಳಿಯಂದ್ರು ಮಗಳಿಗೆ ಹೇಳಿದ್ರು. ಅಂದ್ರ ನನಗ ಹೇಳಿದ್ರು.

ಅದೇ ವಾರ ಐತವಾರ ದಿವಸ ಮೊಮ್ಮಗಳು ಜಯಶ್ರೀದು ಕುಬಸ. ಆಕಿನ್ನ ಫಾತೋರ್ಡಾಕ್ಕ ಕೊಟ್ಟೇವಿ, ಏಳು ತಿಂಗಳ ಬಸರಿ, ಚೊಚ್ಚಲು. ತವರುಮನಿಯಿಂದ ಹಸರು ಸೀರಿ, ಹಸರು ಬಳಿ, ಬುತ್ತಿ ಹೋಗಬೇಕು. ಐತವಾರ ಸಂಜಿ ನಾಕೂವರಿಗೆ ರಾಹುಕಾಲ ಕೂಡ್ತೈತಿ, ಅದರೊಳಗ ಆಕಿ ಉಡಿ ತುಂಬಬೇಕು. ಬೀಗರು ಆಚಾರದಾಗ ಭಾಳ ಗಟ್ಟಿ. ತಡಾ ಆದ್ರ ತಮ್ಮ ಮನಿ ಸೀರಿನ ಉಡಿಸಿ ಕುಂದ್ರಸ್ತೀವಿ ಅಂತ ಮೊದಲ ಹೇಳಿ ಕಳಿಸಿದ್ರು. ಹಂಗಾದ್ರ ಹುಡುಗಿ ಜೀವಮಾನಪೂರ್ತಿ ಆ ಮನ್ಯಾಗ ತಲಿ ಎತ್ತಿ ಮಾತಾಡೋದು ಹೆಂಗ? ಬಸ್ಸಿಗೆ ಹೋಗೂಣಂದ್ರ ನೂರಾ ಒಂದು ಹೋಳಿಗಿ, ಐವತ್ತೊಂದು ಕರ್ಚಿಕಾಯಿ, ಐದು ಥರದ ಅನ್ನ. ಎರಡು ಕಡೆ ಬಸ್ಸು ಬದಲಿ ಮಾಡೂದ್ರಾಗ ಬುತ್ತಿ ಎಲ್ಲಾ ಒಂದೇ ಥರದ ಅನ್ನ ಆಗಿರ್ತಿತ್ತು.

ಗ್ಯಾರೇಜಿನ ಮಿಸ್ತ್ರಿ ಕೊಂಕಣಿದಾಗ "ಆಯ್ತಾರಾ ನಾ, ಮಂಗಳಾರಾ ಹಾಡ್" ಅಂದ. ಐತವಾರ ಆಗಂಗಿಲ್ಲ, ಮಂಗಳವಾರ ತಾ ಅಂತ. ಅಳಿಯಂದ್ರು ಹುಡುಗತನದಾಗ ಐದು ವರ್ಷ ಗ್ಯಾರೇಜದಾಗ ದುಡದವರು. ಹೊಸಾ ಬೇರಿಂಗ್ ಒಂದು ಡಬ್ಬಿಯಾಗ ತಂದ್ರು. "ನಾನ ಹಾಕ್ತೀನಿ. ಮೂರಕ್ಕ ಬಿಟ್ರ ನಾಕೂಕಾಲಕ್ಕ ಫಾತೋರ್ಡಾ" ಅಂತ ಸಾರಿದ್ರು.

ಐತವಾರ ಮುಂಜಾನಿ ಏಳಕ್ಕ ಅಂಗಳದಾಗ ಕೆಲಸ ಚಾಲೂ ಆತು. ಮುಂದಿನ ಗಾಲಿಗೆ ಎರಡು ಚಿರೇಕಲ್ಲು ಒತ್ತಿಟ್ಟು, ಜಾಕ್ ಹಚ್ಚಿ ಗಾಡಿ ಎತ್ತಿ, ಕೆಳಗ ಮರದ ದಿಮ್ಮಿ ಕೊಟ್ರು. ಮಗಳು ನಟ್ಟು ಬಿಚ್ಚೋ ಪಾನಾ ಹಿಡಿದು ನಿಂತಳು. ನಾ ಪಾವಟಿಗಿ ಮ್ಯಾಲೆ ಕುಂತು ನಮ್ಮ ಮನಿಯವರ ಹಳೇ ಧೋತರ ಹಾಸಿ, ಬಿಚ್ಚಿದ ಸಾಮಾನು ಬಂದಂಗ ಬಂದಂಗ ಸಾಲಾಗಿ ಇಡಾಕ ಹತ್ತಿದೆ. ಈ ಹುದ್ದೆ ನನಗ ಯಾರೂ ಕೊಟ್ಟದ್ದಲ್ಲ, ನಾನ ತಗೊಂಡದ್ದು. ನೂರು ರೊಟ್ಟಿ ಬಡದ್ರೂ ಎಷ್ಟನೇದು ಹೆಂಚಿನ ಮ್ಯಾಲೆ ಐತಿ ಅಂತ ಹೇಳೋ ಹೆಣಮಗಳು ನಾ.

"ದ್ರಾಕ್ಷಾಯಿಣಿ, ಅಳಿಯಂದ್ರಿಗೆ ಹೇಳು, ನಟ್ಟು ಆರು ಬಂದುವು."

"ರೀ, ನಟ್ಟು ಆರು ಬಂದುವಂತ."

"ನಿಮ್ಮ ಅವ್ವಾರಿಗೆ ಹೇಳು, ಇರೋದ ಆರು."

"ಅವ್ವಾ, ಇರೋದ ಆರಂತ."

"ಕೇಳಿಸ್ತು" ಅಂದೆ. ಅದನ್ನೂ ಮಗಳಿಗೇ ಅಂದೆ.

ಗಾಲಿ, ಎಂಟು ಬೋಲ್ಟು, ಉದ್ದನ ಸರಳು, ಡ್ರಮ್ಮು, ಎರಡು ದೊಡ್ಡ ನಟ್ಟು, ಎರಡು ವಾಷರು ಒಂದೊಂದಾಗಿ ಬಂದುವು. ಆಮ್ಯಾಲೆ ಗುಂಡುಗಳು ಸವದು ಕರ್‍ರಗ ಆದ ಹಳೇ ಬೇರಿಂಗ್. ಕಡೀಕ ಅಳಿಯಂದ್ರು ಛಣಿ ಇಟ್ಟು, ಹತೋಡಿ ತಗೊಂಡು ಮುಕ್ಕಾಲು ತಾಸು ಬಡದು, ಬೆವರು ಸುರಿಸಿ ಒಂದು ಉಕ್ಕಿನ ಕಡಗ ಹೊರಗ ತಗದ್ರು. ಬೆಳ್ಳಿ ಕಡಗದಂಗ ಹೊಳೀತಿತ್ತು. ಇಷ್ಟು ಬಡಿಸಿಕೊಂಡು ಬಂದದ್ದಂದ್ರ ಭಾರೀ ಮುಖ್ಯದ ಸಾಮಾನ ಇರಬೇಕಂತ ಅದನ್ನ ಸೆರಗಿನಿಂದ ಒರಸಿ, ಸಾಲಿನ ತುದಿಗೆ ಪ್ರತಿಷ್ಠಾಪನಾ ಮಾಡಿದೆ. ಒಟ್ಟು ಇಪ್ಪತ್ಮೂರು. ಹಳೇ ಬೇರಿಂಗ್ ಬಿಟ್ರ ಇಪ್ಪತ್ತೆರಡು ವಾಪಸ್ ಹೋಗಬೇಕು. ಲೆಕ್ಕ ಗಟ್ಟಿ.

ಅಷ್ಟರಾಗ ಒಳಗ ಬ್ಯಾಳಿ ಹತ್ತಿದ ವಾಸನಿ ಬಂತು. ನಾ ಒಳಗ ಹೋಗಿ, ಒಲಿ ಸಣ್ಣ ಮಾಡಿ, ಬುತ್ತಿ ಕಟ್ಟಿ ಬರೂದ್ರಾಗ ಅರ್ಧಾ ತಾಸು. ಬಂದು ನೋಡಿದ್ರ ಹೊಸಾ ಬೇರಿಂಗ್ ಗ್ರೀಸ್ ತುಂಬಿಸಿಕೊಂಡು ಡ್ರಮ್ಮಿನೊಳಗ ಕುಂತು, ಡ್ರಮ್ಮೂ ಏರಿ ಆಗಿತ್ತು. ಮಗಳು, "ಅವ್ವಾ, ನಾ ಜೈನಬನ ಅಂಗಡಿಗೆ ಹೋಗಿ ಹಸರು ಬಳಿ ತರ್ತೀನಿ" ಅಂದಾಕಿನ ಚಪ್ಪಲಿ ಮೆಟ್ಟಿ ಹೋದ್ಲು.

ಅಂಗಳದಾಗ ಉಳದವರು ನಾನು, ಗಾಡಿ ಕೆಳಗ ಅಳಿಯಂದ್ರ ಎರಡು ಕಾಲು.

ವಾಷರ್ ಹೋದುವು, ದೊಡ್ಡ ನಟ್ಟು ಹೋದುವು, ಸರಳು ಹೋತು, ಬೋಲ್ಟು ಹೋದುವು. ನಾ ಎಣಿಸಿದೆ. ಗಾಲಿ ಏರಿಸಿದ್ರು, ನಟ್ಟು ಬಿಗಿದ್ರು, ಆರೂ ಬಿಗಿದ್ರು. ಒಟ್ಟು ಇಪ್ಪತ್ತೊಂದು. ಧೋತರದ ಮ್ಯಾಲೆ ಆ ಉಕ್ಕಿನ ಕಡಗ ಹಂಗ ಕುಂತೈತಿ!

ಇದು ಇಲ್ಲದ ಗಾಲಿ ನಿಲ್ತೈತೇನು? ಜುವಾರಿ ಸೇತುವಿ ಮ್ಯಾಲೆ ಕಳಚಿದ್ರ? ನೂರಾ ಒಂದು ಹೋಳಿಗಿ ಸಮೇತ ನಾವು ಹೊಳಿಪಾಲು! ಹೇಳೂಣಂದ್ರ ಮಗಳಿಲ್ಲ. ಕೆಮ್ಮಿದೆ. ಅಳಿಯಂದ್ರು ನಾ ಇದ್ದೇನಂತ ಮರ್ಯಾದಿಗೆ ಕಾಲು ಒಳಗ ಎಳಕೊಂಡ್ರು. ಕಡಗಾನ ಪಾವಟಿಗಿಗೆ ಟಣ್ ಟಣ್ ಬಡದೆ. ಅವರೂ ಒಳಗಿಂದ ಏನೋ ಟಣ್ ಟಣ್ ಬಡದ್ರು. ಓಣಿ ಬೆಕ್ಕು ಬಂದು ಗ್ವಾಡಿ ಮ್ಯಾಲೆ ಕುಂತಿತ್ತು. ಅದಕ್ಕ ಗಟ್ಟಿಯಾಗಿ ಹೇಳಿದೆ: "ಏ ಬೆಕ್ಕ, ನಿನಗ ಹೇಳಾಕತ್ತೇನಿ ನೋಡು. ಒಂದು ಕಡಗ ಹೊರಗ ಉಳದೈತಿ. ಗಾಲಿ ಕಟ್ಟಿದವರು ಅದನ್ನ ಮರತಾರ."

ಗಾಡಿ ಕೆಳಗಿಂದ ದನಿ ಬಂತು: "ಛೂ! ಛೂ! ಲೇ ದ್ರಾಕ್ಷಿ, ಬೆಕ್ಕು ಬಂದಂಗೈತಿ, ಹೋಳಿಗಿ ಮುಚ್ಚಿಡು!"

ಬೆಕ್ಕು ಹೋತು. ನನ್ನ ವಕೀಲಕಿನೂ ಹೋತು. ಮಗಳ ದಾರಿ ನೋಡಿಕೋಂತ ಇಪ್ಪತ್ತು ಮಿನಿಟು ತಡಕೊಂಡು ಕುಂತೆ. ಅಳಿಯಂದ್ರು ಜಾಕ್ ಇಳಿಸಿದ್ರು, ಚಿರೇಕಲ್ಲು ಸರಿಸಿದ್ರು, ಕೈ ಒರಸಿಕೊಂಡು ಒಳಗ ಹತ್ತಿ ಗಾಡಿ ಚಾಲೂ ಮಾಡಿದ್ರು. ಓಣಿ ತುದಿತನಕಾ ಓಡಿಸಿ ನೋಡಾಕ. ಇನ್ನ ಕುಂದ್ರಲಿಕ್ಕೆ ಆಗಲಿಲ್ಲ. ಸೆರಗು ಜಾರಿದ್ದೂ ಗೊತ್ತಾಗಲಿಲ್ಲ. ಕಡಗಾ ಎತ್ತಿ ಹಿಡಕೊಂಡು ಗಾಡಿ ಮುಂದ ಹೋಗಿ ನಿಂತು ಒದರಿದೆ:

"ನಿಲ್ರೀ ಅಳ್ಯಾರ! ಬಿಚ್ಚ್ರಿ ಗಾಲಿ!"

ಗಾಡಿ ಗಕ್ಕನ ನಿಂತಿತು. ಅಳಿಯಂದ್ರ ಹಣಿ ಹಾರ್ನಿಗೆ ಬಡದು ಪ್ಯಾಂ ಅಂತು. ಅವರು ಕೆಳಗಿಳದು, ಗುಡ್ಯಾಗ ಮೂರ್ತಿ ಬಾಯಿಬಿಟ್ಟು ಮಾತಾಡಿದ್ರ ಭಕ್ತ ಹೆಂಗ ನಿಲ್ತಾನ ಹಂಗ ಕೈಮುಗದು ನಿಂತ್ರು. ನನ್ನ ಕೈಯಾಗಿನ ಕಡಗಾ ನೋಡಿದ್ರು. ನನ್ನ ಮಾರಿ ನೋಡಿದ್ರು. ಆಮ್ಯಾಲೆ ಮತ್ತ ಜಾಕ್ ತಗೊಂಡ್ರು.

ನನಗ ಹಿಡಿಸಲಾರದಷ್ಟು ಸಂತೋಷ. ಐದು ವರ್ಷ ಗ್ಯಾರೇಜದಾಗ ದುಡದವರ ತಪ್ಪು ಹಿಡದೆ! ಗಾಲಿ ಬಿಚ್ಚಿದ್ರು, ಎಂಟೂ ಬೋಲ್ಟು ಬಿಚ್ಚಿದ್ರು, ಸರಳು ಎಳದ್ರು, ಡ್ರಮ್ಮು ಇಳಿಸಿದ್ರು. ಎಲ್ಲಾ ಧೋತರದ ಮ್ಯಾಲೆ ಮತ್ತ ಹಾಜರಿ ಕೊಟ್ಟುವು. ಅಷ್ಟರಾಗ ಮಗಳು ಬಳಿ ಡಬ್ಬಿ ಹಿಡಕೊಂಡು ಬಂದ್ಲು.

"ಏನ್ರಿ ಇದು! ಒಂದೂವರಿ ಆತು, ಇನ್ನೂ ಬಿಚ್ಚಾಕತ್ತೀರಿ?"

"ಬಿಚ್ಚಿ ಹಾಕಿ ಮತ್ತ ಬಿಚ್ಚಾಕತ್ತೇನಿ."

"ಯಾಕ?"

"ನಿಮ್ಮ ಅವ್ವಾರು ಹೇಳ್ಯಾರ."

"ದ್ರಾಕ್ಷಾಯಿಣಿ, ಹೇಳು ಅವರಿಗೆ," ಅಂದೆ, "ಈ ಕಡಗಾ ಮರತಿದ್ರು."

ಮಗಳು ಕಡಗಾ ನೋಡಿದ್ಲು, ಡ್ರಮ್ಮಿನೊಳಗ ಬಗ್ಗಿ ನೋಡಿದ್ಲು. "ಅವ್ವಾ, ಇದು ಹಳೇ ಬೇರಿಂಗಿನ ಕಡಗಾ. ಹೊಸಾ ಬೇರಿಂಗಿನ ಡಬ್ಬಿಯಾಗ ಹೊಸಾ ಕಡಗಾನ ಬಂದಿತ್ತು. ನೀ ಒಳಗ ಬುತ್ತಿ ಕಟ್ಟೂಮುಂದ ಬಡದು ಕುಂದ್ರಿಸಿದ್ರು. ನಾನ ಹಿಡದಿದ್ದೆ. ಇಲ್ಲಿ ನೋಡು."

ನೋಡಿದೆ. ಒಳಗ ಹೊಸಾ ಕಡಗಾ ನನ್ನ ಕೈಯಾಗಿನದಕ್ಕಿಂತ ಜಾಸ್ತಿ ಹೊಳೀತಿತ್ತು.

"ನಿಮಗ ಗೊತ್ತಿತ್ತಲ್ರಿ?" ಮಗಳು ಗಂಡನ್ನ ಕೇಳಿದ್ಲು.

"ಗೊತ್ತಿತ್ತು."

"ಮತ್ತ ಯಾಕ ಬಿಚ್ಚಿದ್ರಿ?"

"ಅತ್ತಿಯವರು ಇಪ್ಪತ್ನಾಕು ವರ್ಷಕ್ಕ ಒಂದು ಮಾತು ಹೇಳಿದ್ರು" ಅಂದ್ರು ಅಳಿಯಂದ್ರು. "ಮೊದಲನೇ ಮಾತಿಗೇ 'ಅಲ್ರಿ' ಅನ್ನೋದು ಹೆಂಗ?"

ಧೋತರದ ಮ್ಯಾಲೆ ಇಪ್ಪತ್ನಾಕನೇ ಸಾಮಾನಾಗಿ ಮಲಕೊಂಡು ಮಾರಿ ಮುಚ್ಚಿಕೊಳ್ಳಬೇಕು ಅನ್ನಿಸ್ತು. ಆದ್ರ ಅದಕ್ಕೂ ಟೈಮ್ ಇರಲಿಲ್ಲ. ಮೂವರೂ ಕೂಡಿ ಕೆಲಸಕ್ಕ ಹತ್ತಿದ್ವಿ. ನಾ ನಟ್ಟು ಕೊಟ್ಟೆ, ಮಗಳು ಸರಳು ಹಿಡದ್ಲು, ಅಳಿಯಂದ್ರು ಬಿಗಿದ್ರು. ಎಣಿಸಾಕ ನನಗ ಧೈರ್ಯ ಆಗಲಿಲ್ಲ. ಮೂರು ಗಂಟಿ ಹತ್ತು ಮಿನಿಟಿಗೆ ಬುತ್ತಿ ಸಮೇತ ಗಾಡಿ ಹೊಂಟಿತು.

ಏನು ಗಾಡಿ ಅಂತೀರಿ! ಗುಂಯ್ ಇಲ್ಲ, ಗರ್ ಇಲ್ಲ. ಬೆಣ್ಣಿ ಮ್ಯಾಲೆ ಹೋದಂಗ ಹೋತು. ಆ ಶಾಂತಿಯಾಗ ಅಳಿಯಂದ್ರು ಒಮ್ಮೆ ಗಂಟಲ ಸರಿ ಮಾಡಿಕೊಂಡ್ರು. "ಅತ್ತಿಯವರ, ಹೆಂಗೂ ಮಾತು ಚಾಲೂ ಆಗೇತಿ. ಒಂದು ಕೇಳ್ಲೇನ್ರಿ?"

"ಕೇಳ್ರಿ" ಅಂದೆ, ಕಿಡಕಿ ಕಡೆ ಮಾರಿ ಮಾಡಿ.

"ಗುರುವಾರಕ್ಕೊಮ್ಮೆ ಹಾಗಲಕಾಯಿ ಪಲ್ಯಾ. ನಿಮಗ ಅಷ್ಟು ಸೇರ್ತೈತೇನ್ರಿ?"

"ನನಗ? ಅದರ ವಾಸನಿ ಬಂದ್ರ ಆಗಂಗಿಲ್ಲ! ನಿಮಗ ಪ್ರಾಣ ಅಂತ ಹನ್ನೊಂದು ವರ್ಷ ಮಾಡಾಕತ್ತೇನಿ."

"ನಿಮಗ ಬ್ಯಾಸರ ಆಗಬಾರದಂತ ನಾ ಕಣ್ಣು ಮುಚ್ಚಿ ತಿನ್ನಾಕತ್ತೇನ್ರಿ!"

ಇಬ್ಬರೂ ಒಮ್ಮೆಲೆ ನಡುವ ಕುಂತ ದ್ರಾಕ್ಷಾಯಿಣಿ ಕಡೆ ನೋಡಿದ್ವಿ. ಆಕಿಗೆ ಹಾಗಲಕಾಯಿ ಅಂದ್ರ ಸಣ್ಣಾಕಿ ಇದ್ದಾಗಿಂದ ಜೀವ. ಆಕಿ ಬಳಿ ಡಬ್ಬಿ ತಗದು ಒಂದೊಂದ ಬಳಿ ಪರೀಕ್ಷಾ ಮಾಡಾಕ ಹತ್ತಿದ್ಲು.

"ಮಿಕ್ಸರ್ ಬೇಕಂತ ಹಟ ಹಿಡದು ದಿನಪೂರ್ತಿ ಉಪವಾಸ ಮಾಡಿದ್ರಂತಲ್ರಿ ನೀವು?" ಅಂದ್ರು ಅಳಿಯಂದ್ರು.

"ಶಿವನ! ಅದು ಏಕಾದಶಿ ಉಪವಾಸ!"

ನನಗ ನಗಿ ತಡಕೊಳ್ಳಾಕ ಆಗಲಿಲ್ಲ. ನಮ್ಮ ರಾಯಭಾರಿ ಎರಡೂ ರಾಜ್ಯದ ಮ್ಯಾಲೆ ಹನ್ನೊಂದು ವರ್ಷ ತಾನ ಆಳಿದ್ಲು! ಸೆರಗಿನ ತುದಿ ಬಾಯಿಗಿಟ್ಟು ನಗೂಮುಂದ ಅಳಿಯಂದ್ರು ಮತ್ತ ಅಂದ್ರು, "ಹಂಗಾರ ಮುಂಜಾನಿ ಐದಕ್ಕ ನೀವು ಗಟ್ಟಿಯಾಗಿ ಹಾಡೋದು..."

"ಅದು ನಿಮಗ ಭಾಳ ಸೇರ್ತೈತಂತ ಹೇಳಿದ್ಲು. ಅದಕ್ಕ ಗಟ್ಟಿಯಾಗಿ ಹಾಡ್ತೀನಿ."

ಅಳಿಯಂದ್ರು ಸೇತುವಿ ದಾಟಿದ ಮ್ಯಾಲೆ ಮೆತ್ತಗ ಅಂದ್ರು, "ನಾ ಕಿವಿಯಾಗ ಹತ್ತಿ ಇಟಗೊಂಡು ಮಲಗ್ತೀನ್ರಿ." ಗಾಡಿ ಮೊದಲಿನಂಗ ಗುಂಯ್ ಅಂತಿದ್ರ ಎಷ್ಟು ಚಲೋ ಇತ್ತು ಅನ್ನಿಸ್ತು ನನಗ.

ನಾಕು ಗಂಟಿ ಇಪ್ಪತ್ತೊಂದು ಮಿನಿಟಿಗೆ ಬೀಗರ ಅಂಗಳದಾಗ ಇಳದ್ವಿ. ಬೀಗತಿ ತಮ್ಮ ಸೀರಿ ಗಂಟು ಬಿಚ್ಚಾಕ ಕೈ ಹಾಕಿದ್ಲು. ದ್ರಾಕ್ಷಾಯಿಣಿ ಓಡಿಹೋಗಿ ನಮ್ಮ ಹಸರು ಸೀರಿ ಮುಂದಿಟ್ಟಳು. ಜಯಶ್ರೀ ತವರಿನ ಸೀರಿ ಉಟ್ಟು, ಮುಂಗೈ ತುಂಬ ಹಸರು ಬಳಿ ಇಟಗೊಂಡು ಕುಂತಾಗ ನಾಕೂವರಿಗೆ ಇನ್ನೂ ಎರಡು ಮಿನಿಟು ಬಾಕಿ. ಅಷ್ಟರಾಗ ಉಡಿನೂ ತುಂಬಿತು. ಹುಡುಗಿ ನನ್ನ ಉಗರಿನ್ಯಾಗಿನ ಗ್ರೀಸ್ ನೋಡಿ, "ಆಯಿ, ಇದೇನ?" ಅಂತ ಬಿದ್ದು ಬಿದ್ದು ನಕ್ಕಳು. ಬೀಗರ ಹೆಣಮಕ್ಕಳೆಲ್ಲಾ ನಕ್ರು. ನಾನೂ ನಕ್ಕೆ. ಹೋಳಿಗಿ ಒಂದೂ ಉಳೀಲಿಲ್ಲ.

ವಾಪಸ್ ಹೊಂಡೂಮುಂದ ಖಾಲಿ ಬುಟ್ಟಿ ಗಾಡಿಯಾಗ ಇಡಾಕತ್ತಿದ್ದೆ. ಅಳಿಯಂದ್ರು ಬಂದು ಎದುರು ನಿಂತ್ರು. "ಅತ್ತಿಯವರ, ಎಡಗಡೆ ಗಾಲಿನೂ ಸಣ್ಣಗ ಗುಂಯ್ ಅನ್ನಾಕ ಹತ್ತೇತ್ರಿ. ಮುಂದಿನ ಐತವಾರ ಬಿಚ್ಚಬೇಕು. ದ್ರಾಕ್ಷಿಗೆ ಸಾಮಾನು ಎಣಿಸಾಕ ಬರಂಗಿಲ್ಲ. ನನ್ನ ಕೂಡ ಗಾಡಿ ಕೆಳಗ ನೀವ ಬರಬೇಕು."

ಅರವತ್ತೆಂಟು ವರ್ಷದಾಕಿ ನಾ ಗಾಡಿ ಕೆಳಗ! ಇಷ್ಟು ವರ್ಷ ಇಂಥಾದ್ದು ಬಂದಾಗ "ದ್ರಾಕ್ಷಾಯಿಣಿ, ನನ್ನ ಕಡಿಂದ ಆಗಂಗಿಲ್ಲಂತ ಹೇಳು" ಅಂದ್ರ ಮುಗೀತಿತ್ತು. ಮಾರಿಗೆ ಮಾರಿ ಕೊಟ್ಟು ಅಳಿಯಂದ್ರಿಗೆ "ಇಲ್ಲ" ಅನ್ನೋದು ಹೆಂಗ? ಅದೂ ಅವರು ನನಗ ಹೇಳಿದ ಮೊದಲನೇ ಕೆಲಸಕ್ಕ? ತಿರುಗಿ ಮಗಳನ್ನ ಹುಡುಕಿದೆ. ಆಕಿ ಹಿಂದಿನ ಸೀಟಿನ್ಯಾಗ ಕಿಡಕಿಗೆ ತಲಿ ಆನಿಸಿ, ನಿದ್ದಿ ಬಂದಾಕಿಯಂಗ ಕಣ್ಣು ಮುಚ್ಚಿದ್ಲು. ತುಟಿ ಮಾತ್ರ ನಗಾಕತ್ತಿದ್ವು.

"ಹೂನ್ರಿ" ಅಂದೆ.