ನಕ್ಷತ್ರ ಮರೆಯಾದ ಬಾಲ್ಕನಿ

ಕಣ್ಣು ಮಿಟುಕಿಸದೆ ನೋಡುವುದರಲ್ಲಿ ನನ್ನನ್ನು ಮೀರಿಸುವವರು ಮೂರು ಲೋಕದಲ್ಲೂ ಹುಟ್ಟಿಲ್ಲ. ಎಷ್ಟೋ ಹಲ್ಲಿಗಳು ನನ್ನೆದುರು ಸೋತು ಗೋಡೆ ಬದಲಾಯಿಸಿವೆ! ಮೀಟಿಂಗುಗಳಲ್ಲಿ ನಾನು ಕಣ್ಣು ತೆರೆದೇ ನಿದ್ದೆ ಹೊಡೆಯುತ್ತೇನೆಂಬುದು ಹೊಟ್ಟೆಕಿಚ್ಚಿನವರ ಮಾತು. ಹೆಂಡತಿ ಮಾತ್ರ ಈ ಪುರಾಣವನ್ನು ಬೇರೆ ಥರ ಹೇಳುತ್ತಾಳೆ: "ಇಸ್ತ್ರಿಪೆಟ್ಟಿಗೆ ಹೊಸ ಬೆಡ್‌ಶೀಟ್ ಸುಡ್ತಾ ಇತ್ತು. ಇವರು ರೆಪ್ಪೆ ಬಡೀದೆ ಅದನ್ನೇ ನೋಡ್ತಾ ನಿಂತಿದ್ರು."

ಬೆಡ್‌ಶೀಟಿನ ನಟ್ಟನಡುವೆ ತೂತಾದದ್ದು ನಿಜ. ಆದರೆ ನಾನಾಗ ಬ್ರಹ್ಮಾಂಡದ ಬಗ್ಗೆ ಯೋಚಿಸುತ್ತಿದ್ದೆ.

ಇಂಥ ಕಣ್ಣಿಗೆ ತಕ್ಕ ಕೆಲಸ ಕೊನೆಗೂ ಸಿಕ್ಕಿತು. ನೆಪ್ಚೂನಿನಾಚೆ ಸುತ್ತುವ ಒಂದು ಹಿಮದ ಬಂಡೆ ಅಂದು ಸಂಜೆ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಬಂಡೆ ನಮ್ಮ ಕಣ್ಣಿಗೆ ಬೀಳದು. ನಕ್ಷತ್ರ ಕೆಲವು ಕ್ಷಣ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಎಷ್ಟು ಹೊತ್ತು ಆರಿತ್ತು ಎಂಬುದರಿಂದ ಬಂಡೆಯ ಅಗಲ ತಿಳಿಯುತ್ತದೆ. ನಮ್ಮ ಆಕಾಶ ವೀಕ್ಷಕರ ಸಂಘದವರೆಲ್ಲ ಮನೆಮನೆಯಿಂದ ನೋಡಿ, ಅಧ್ಯಕ್ಷರಾದ ನಿವೃತ್ತ ಮೇಷ್ಟ್ರಿಗೆ ಫೋನಿನಲ್ಲಿ ವರದಿ ಒಪ್ಪಿಸಬೇಕು.

ಸಂಘಕ್ಕಿರುವುದು ಒಂದೇ ದೊಡ್ಡ ದೂರದರ್ಶಕ. ಅದು ನನ್ನ ವಶದಲ್ಲಿತ್ತು. ಕಳೆದ ಸಲ ಅದರ ಮುಚ್ಚಳ ತೆಗೆಯಲು ಮರೆತು ಇಡೀ ಆಕಾಶವೇ ಮಾಯವಾಗಿದೆ ಎಂದು ವರದಿ ಕೊಟ್ಟಿದ್ದೆ. ಈ ಸಲವೂ ಎಡವಿದರೆ ದೂರದರ್ಶಕ ಸಂಘದ ಇನ್ನೊಬ್ಬ ಸದಸ್ಯರಾದ ಹಲ್ಲಿನ ಡಾಕ್ಟರ ಪಾಲು!

ಕತ್ತಲಾಗುತ್ತಲೇ ರಾಜಾಜ್ಞೆ ಹೊರಡಿಸಿದೆ. ಯಾರೂ ದೀಪ ಹಾಕಕೂಡದು, ಬಾಲ್ಕನಿಗೆ ಕಾಲಿಡಕೂಡದು, ನನ್ನನ್ನು ಮಾತಾಡಿಸಕೂಡದು. ಹೆಂಡತಿ ಒಣಗಿದ ಬಟ್ಟೆಯ ಬಗ್ಗೆ ಏನೋ ಹೇಳಹೊರಟಳು. ಕೈಯೆತ್ತಿ ತಡೆದೆ. ಅವಳು ಕತ್ತಲಲ್ಲೇ ತಡಕಾಡುತ್ತ ಅಡುಗೆಮನೆಗೆ ಹೋದಳು.

ಬಾಲ್ಕನಿಯಲ್ಲಿ ದೂರದರ್ಶಕಕ್ಕೆ ಕಣ್ಣು ನೆಟ್ಟು ಕೂತೆ. ನಕ್ಷತ್ರ ಮೊದಲು ಕೊಂಚ ಮಂಕಾಯಿತು, ಚೇತರಿಸಿಕೊಂಡಿತು. ಆಮೇಲೆ ಪೂರ್ತಿ ಮಾಯ! ನಡುವೆ ಒಮ್ಮೆ ಮಿಣುಕ್ಕೆಂದು ಮತ್ತೆ ಮಾಯ. ಕೊನೆಗೆ ಪ್ರತ್ಯಕ್ಷವಾಗಿ, ಇನ್ನೊಮ್ಮೆ ಮಂಕಾಗಿ, ನೆಟ್ಟಗಾಯಿತು. ನನಗೆ ರೋಮಾಂಚನ. ಎರಡೂ ಪಕ್ಕ ಮಂಕಾದರೆ ಬಂಡೆಗೆ ಶನಿಗಿರುವಂಥ ಬಳೆಗಳಿವೆ ಎಂದರ್ಥ. ನಟ್ಟನಡುವೆ ಮಿಣುಕಿದರೆ ಅದಕ್ಕೆ ಗಾಳಿಯ ಹೊದಿಕೆಯೂ ಇದೆ ಎಂದರ್ಥ!

ಫೋನಿನಲ್ಲಿ ಇಡೀ ಸಂಘ ಕೂಡಿತು. ಹಲ್ಲಿನ ಡಾಕ್ಟರು, ತಮಗೆ ನಕ್ಷತ್ರ ಚೂರು ಹೊತ್ತು ಆರಿದ್ದಷ್ಟೇ ಕಂಡಿತು ಅಂದರು. ನಾನು ಮರುಕದಿಂದ, ಬಾಯೊಳಗೆ ನೋಡುವುದೇ ಬೇರೆ, ಬಾನೊಳಗೆ ನೋಡುವುದೇ ಬೇರೆ ಎಂದು ತಿಳಿಹೇಳಿ, ಬಳೆಯನ್ನೂ ಗಾಳಿಯನ್ನೂ ಘೋಷಿಸಿದೆ. ಮೇಷ್ಟ್ರು ಗದ್ಗದಿತರಾದರು. ದೂರದರ್ಶಕ ಇನ್ನು ಜೀವನಪರ್ಯಂತ ನಿಮ್ಮಲ್ಲೇ ಇರಲಿ ಅಂದರು. ಬಳೆಗೆ ನನ್ನ ಹೆಸರಿಡುವ ಮಾತೂ ಬಂತು.

ಅಷ್ಟರಲ್ಲಿ ಹೆಂಡತಿ ಬಟ್ಟೆಯ ರಾಶಿ ಹೊತ್ತು ಬಂದಳು.

"ಬಾಲ್ಕನಿಗೆ ನಾನು ಕಾಲಿಟ್ಟಿಲ್ಲಪ್ಪ," ಅಂದಳು. "ಅಡುಗೆಮನೆ ಕಿಟಕಿಯಿಂದಾನೇ ರಾಟೆ ಮೇಲೆ ಓಡೋ ಬಟ್ಟೆ ಹಗ್ಗ ಎಳ್ಕೊಂಡೆ. ಬಟ್ಟೆಯೆಲ್ಲ ನಿಮ್ಮ ಮೂಗಿನ ಮುಂದೇನೇ ಸಾಲಾಗಿ ಬಂತಲ್ಲ, ಕಾಣಿಸ್ಲಿಲ್ವಾ?"

ಫೋನು ಕೆಳಗಿಡುವುದನ್ನೂ ಮರೆತು ಕೇಳಿದೆ: "ಯಾವುದರ... ಯಾವುದರ ಹಿಂದೆ ಯಾವುದು?"

"ಒಂದು ಕಾಲುಚೀಲ, ಆಮೇಲೆ ಬೆಡ್‌ಶೀಟು, ಆಮೇಲೆ ಇನ್ನೊಂದು ಕಾಲುಚೀಲ." ಬೆಡ್‌ಶೀಟು ಕೊಡವಿ ಎತ್ತಿ ಹಿಡಿದಳು. ನಾನು ಸುಟ್ಟ ತೂತಿನೊಳಗಿಂದ ಅವಳ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಮಿಟುಕಿಸದೆ.

ಫೋನಿನಲ್ಲಿ ಇಡೀ ಸಂಘ ಇದನ್ನೆಲ್ಲ ಕೇಳಿಸಿಕೊಂಡಿತ್ತು. ಪಾಪ, ಮೇಷ್ಟ್ರಿಗೆ ಕಿವಿ ಮಂದ. ಅವರೊಬ್ಬರೇ ಇನ್ನೂ ಸಂಭ್ರಮದಲ್ಲಿದ್ದರು. "ಅಂತೂ ಬಂಡೆ ಎಷ್ಟು ಅಗಲ ಇದ್ದೀತು ಅಂತೀರಿ?"

"ಡಬಲ್ ಕಾಟಿಗೆ ಸರಿಹೋಗುತ್ತೆ, ಸಾರ್," ಅಂದೆ.