ಬೇಡ ಅನ್ನದ ಬೊಂಬೆ

ನಾಗಲಕ್ಷ್ಮಮ್ಮ ಆ ಬೊಂಬೆಯನ್ನು ಮೊದಲು ಕಂಡದ್ದು ಒಂದು ಮಂಗಳವಾರ, ಹಗಲು ಹನ್ನೊಂದೂಕಾಲಿಗೆ, ಕರೆಂಟು ಹೋಗಿದ್ದಾಗ. ಕರೆಂಟು ಹೋಗಿತ್ತು ಅನ್ನುವುದನ್ನು ಮರೆಯಬಾರದು, ಮುಂದೆ ಬೇಕಾಗುತ್ತದೆ.

ಚನ್ನಪಟ್ಟಣದ ಹಳೇ ರಸ್ತೆಯಲ್ಲಿ ತಾಜ್ ಪಾಷಾ ಅವರದು ಬೊಂಬೆ ಅಂಗಡಿ. ಅವರ ಹೆಂಡತಿ ಅಕ್ಬರಿ ಬೇಗಂ ನಾಗಲಕ್ಷ್ಮಮ್ಮನಿಗೆ ಮೂವತ್ತು ವರ್ಷದ ಗೆಳತಿ. ಇಬ್ಬರೂ ರೇಷ್ಮೆ ನೂಲು ತೆಗೆಯುವ ಒಂದೇ ಕಾರ್ಖಾನೆಯಲ್ಲಿ ಅಕ್ಕಪಕ್ಕ ನಿಂತು, ಕುದಿನೀರಿನಲ್ಲಿ ಕುಣಿಯುವ ಗೂಡಿನಿಂದ ಎಳೆ ಹಿಡಿದು ಹಿಡಿದು ಬೆರಳ ತುದಿಯ ಗೆರೆಗಳನ್ನೇ ಅಳಿಸಿಕೊಂಡವರು. (ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರದ ಪ್ರಕಾರ ಇಬ್ಬರೂ ಇನ್ನೂ ಹುಟ್ಟಿಯೇ ಇಲ್ಲ.)

ಆ ದಿನ ನಾಗಲಕ್ಷ್ಮಮ್ಮ ಗೆಳತಿಗೆ ಒಂದು ಸೇರು ಹುಣಸೆಹಣ್ಣು ಕೊಡಲು ಹೋಗಿದ್ದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಒಂದು ತಲೆ. ನೀರು ತುಂಬುವ ಗುಡಾಣದಷ್ಟು ದಪ್ಪ. ಕೆಂಪು ಕೆನ್ನೆ, ಕಪ್ಪು ತುರುಬು, ಈ ಕಿವಿಯಿಂದ ಆ ಕಿವಿಗೆ ನಗು. ಕಣ್ಣಿಗೆ ರೆಪ್ಪೆಯಿಲ್ಲ. ನಾಗಲಕ್ಷ್ಮಮ್ಮ ಕಲ್ಲುಕಂಬವನ್ನೂ ಮಾತಾಡಿಸದೆ ದಾಟುವವಳಲ್ಲ.

“ಏನಮ್ಮಣ್ಣಿ, ಒಬ್ಳೇ ಕುಂತಿದ್ದೀಯಲ್ಲ, ಚೆನ್ನಾಗಿದ್ದೀಯಾ?” ಅಂದಳು.

ತಲೆ ಒಮ್ಮೆ ಕೆಳಗೆ ಹೋಗಿ ಮೇಲೆ ಬಂತು.

“ಅದ್ರ ಕತ್ತಲ್ಲಿ ಸ್ಪ್ರಿಂಗ್ ಐತೆ ಲಕ್ಷ್ಮಕ್ಕ,” ಅಂದಳು ಅಕ್ಬರಿ, ಹುಣಸೆಹಣ್ಣು ಮೂಸುತ್ತಾ. “ಲಾರಿ ಹೋದ್ರೂ ಆಡ್ತದೆ.”

ಫ್ಯಾನು ತಿರುಗುತ್ತಿರಲಿಲ್ಲ. ಲಾರಿಯಂತೂ ಹೋಗಿರಲಿಲ್ಲ. ನಾಗಲಕ್ಷ್ಮಮ್ಮ ಲೆಕ್ಕದ ಹೆಂಗಸು. ಹೋಗದ ಲಾರಿಯನ್ನು ಹೋಯಿತು ಅನ್ನುವವಳಲ್ಲ.

ಹೊಸ ಹೈವೇ ಬಂದ ಮೇಲೆ ಕಾರುಗಳೆಲ್ಲ ಊರಿನ ಹೊರಗಿನಿಂದಲೇ ಹೋಗುತ್ತವೆ. ದಾರಿ ತಪ್ಪಿ ಒಳಗೆ ಬಂದ ನಾಲ್ಕು ಕಾರಾದರೂ ನಿಲ್ಲಲಿ ಎಂದು ತಾಜ್ ಪಾಷಾ ಆಳೆತ್ತರದ ಬೊಂಬೆ ವೇಷ ಮಾಡಿಸಿದ್ದರು. ಕಾಗದದ ರೊಟ್ಟಿನ ತಲೆ, ಹಳದಿ ಲಂಗ, ಬಿಳಿ ಕೈಗವಸು. ಒಳಗೊಬ್ಬರು ಹೊಕ್ಕು ಅಂಗಡಿಯ ಮುಂದೆ ನಿಂತು ತಲೆಯಾಡಿಸಬೇಕು. ಕತ್ತಿನ ಸ್ಪ್ರಿಂಗನ್ನು ಅವರೇ ಕೂರಿಸಿದ್ದರು. ಅದು ಮೇಲೆ ಕೆಳಗೆ ಮಾತ್ರ ಆಡುತ್ತದೆ, ಎಡಕ್ಕೆ ಬಲಕ್ಕೆ ಇಲ್ಲ. ಗಿರಾಕಿಯ ಮುಂದೆ ಅಂಗಡಿಯ ಬೊಂಬೆ ಬೇಡ ಅನ್ನಬಾರದು ಎಂಬುದು ಅವರ ವ್ಯಾಪಾರ ಸಿದ್ಧಾಂತ.

ಅಕ್ಬರಿಯ ಅಕ್ಕನ ಮಗ ಮತೀನ್ ಹನ್ನೊಂದು ದಿನ ಒಳಗಿದ್ದ. ಹನ್ನೆರಡನೆಯ ದಿನ ಯಾವುದೋ ಮಗು ಚಿವುಟಿತು. ಬೊಂಬೆ ರಸ್ತೆಯಲ್ಲಿ ನಿಂತು ಆ ಮಗುವಿನ ಮೂರು ತಲೆಮಾರನ್ನು ವಿಚಾರಿಸಿಕೊಂಡಿತು. ಮಗುವಿಗೆ ಜ್ವರ, ಮತೀನನಿಗೆ ವಿರಾಮ. ವೇಷವನ್ನು ಅವನ ಅಳತೆಗೇ ಹೊಲಿಸಿದ್ದರು, ಗಿಡ್ಡಕ್ಕೆ, ಕಡ್ಡಿಯಂತೆ. ತಾಜ್ ಪಾಷಾ ನಾಗಲಕ್ಷ್ಮಮ್ಮನನ್ನು ಅಡಿಯಿಂದ ಮುಡಿಯವರೆಗೆ ಕಣ್ಣಿನಲ್ಲೇ ಅಳೆದರು.

“ನೀವು ಬಿಸಿನೀರ್ ಮುಂದೆ ಮೂವತ್ತು ವರ್ಷ ಅಲ್ಲಾಡ್ದೆ ನಿಂತವ್ರು ಲಕ್ಷ್ಮಮ್ಮೋರೆ. ಇದೇನ್ ಮಹಾ?”

“ಅಯ್ಯೋ ಸಾಬ್ರೆ, ಅರವತ್ತೆಂಟಾಯ್ತು ನಂಗೆ. ಈ ವಯಸ್ಸಲ್ಲಿ ಲಂಗ ಹಾಕ್ಕಂಡು ಬೀದೀಲಿ ನಿಂತ್ಕಳ್ಳಾ?”

“ಒಳಗೆ ಯಾರವ್ರೆ ಅಂತ ಯಾರ್ಗೆ ಗೊತ್ತಾಯ್ತದೆ? ಆದ್ರೆ ಒಂದ್ ಮಾತು. ಬೊಂಬೆ ಮಾತಾಡಂಗಿಲ್ಲ, ಕೆಮ್ಮಂಗಿಲ್ಲ, ಕೂರಂಗಿಲ್ಲ. ಒಳಗಿರೋರು ಇಂಥೋರು ಅಂತ ಒಬ್ರಿಗೆ ಗೊತ್ತಾದ್ರೂ ಬೊಂಬೆ ಸತ್ತೋಯ್ತು ಅಂತ ಲೆಕ್ಕ.”

“ಇವ್ಳು ಬಾಯ್ ಮುಚ್ಕಂಡಿರೋದಾ?” ಅಕ್ಬರಿ ನಕ್ಕಳು. “ನಿದ್ದೇಲೂ ಸೊಸೆ ಜೊತೆ ಜಗಳ ಆಡೋಳು ರೀ ಇವ್ಳು.”

ಆ ಒಂದು ನಗು ನಾಗಲಕ್ಷ್ಮಮ್ಮನನ್ನು ಕೆಣಕಿತು. ಅಲ್ಲೇ ಗೆಳತಿಯ ತಲೆ ಮುಟ್ಟಿ ಆಣೆಯಿಟ್ಟಳು. ಮನೆಯವರಿಗೂ ಹೇಳುವುದಿಲ್ಲ, ಉಸಿರೂ ಬಿಡುವುದಿಲ್ಲ.

ಮಾರನೆಯ ದಿನದಿಂದ ಹನ್ನೊಂದರಿಂದ ಒಂದು, ನಾಲ್ಕರಿಂದ ಆರು. ಮನೆಯಲ್ಲಿ ಕೇಳಿದರೆ ಭಜನೆಗೆ ಅನ್ನುತ್ತಿದ್ದಳು. ಬೊಂಬೆಯ ಬಾಯಿಗೆ ಕಟ್ಟಿದ್ದ ಕಪ್ಪು ಬಲೆಯೇ ಅವಳ ಕಿಟಕಿ. ಒಳಗೆ ಅಂಟು, ಬಣ್ಣ, ಹಳೆಯ ಬೆವರಿನ ವಾಸನೆ. ಮಕ್ಕಳು ಗುದ್ದಿದರು, ಚಿವುಟಿದರು, ಒಬ್ಬ ಲಂಗ ಎತ್ತಿ ನೋಡಿದ. ನಾಗಲಕ್ಷ್ಮಮ್ಮ ಜಪ್ಪಯ್ಯ ಅನ್ನಲಿಲ್ಲ. ಜನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಮದುವೆಯಲ್ಲಿ ಬಿಟ್ಟರೆ ಅವಳ ಪಕ್ಕ ನಿಲ್ಲಲು ಯಾರೂ ಹೀಗೆ ಸಾಲುಗಟ್ಟಿರಲಿಲ್ಲ. (ಮದುವೆಯಲ್ಲೂ ಅರ್ಧ ಜನ ಊಟದ ಪಂಕ್ತಿಗೆ ನಿಂತಿದ್ದರು.) ಒಳಗೇ ನಕ್ಕಳು. ನಗು ಬೊಂಬೆಯ ಮುಖದಲ್ಲಿ ಹೇಗೂ ಇತ್ತು.

ಮೂರನೆಯ ವಾರ ಅಕ್ಕೂರಿನ ದೊಡ್ಡಹನುಮಯ್ಯ ಬಂದ. ರೇಷ್ಮೆಹುಳ ಸಾಕುವವನು, ಮೊಮ್ಮಗಳಿಗೆ ಬುಗುರಿ ಕೊಳ್ಳಲು ಬಂದಿದ್ದ. ಬೊಂಬೆ ತಲೆಯಾಡಿಸಿದ್ದನ್ನು ಕಂಡು ಟವಲು ಹೆಗಲಿನಿಂದ ಇಳಿಸಿದ. ಈ ಸೀಮೆಯಲ್ಲಿ ಸಂದೇಹ ಬಂದವರು ದೇವರ ಬಸವಪ್ಪನ ಮುಂದೆ ನಿಂತು ಕೇಳುವುದು ಲೋಕರೂಢಿ. ಬಸವ ತಲೆಯಾಡಿಸಿದರೆ ಹೌದು, ಇಲ್ಲವಾದರೆ ಇಲ್ಲ. ದೊಡ್ಡಹನುಮಯ್ಯ ತಮಾಷೆಗೆ ಎಂಬಂತೆ, ಆದರೆ ಚಪ್ಪಲಿ ಬಿಟ್ಟು, ಕೇಳಿದ:

“ತಾಯಿ, ಎರಡ್ ಸಲ ಹುಳ ಹೋಯ್ತು. ಈ ಸಲನಾದ್ರೂ ಹಣ್ಣಾಗಿ ಗೂಡು ಕಟ್ತವಾ?”

ನಾಗಲಕ್ಷ್ಮಮ್ಮ ಗಾಬರಿಯಾದಳು. ತನಗೇನು ಗೊತ್ತು? ಗೊತ್ತಿಲ್ಲದ್ದಕ್ಕೆ ಹೌದು ಅನ್ನುವವಳಲ್ಲ ಅವಳು. ಉಸಿರು ಬಿಗಿಹಿಡಿದು, ಕತ್ತು ಸೆಟೆದು ನಿಂತಳು.

ಬೊಂಬೆಯ ತಲೆ ಕೆಳಗೆ ಹೋಗಿ ಮೇಲೆ ಬಂತು.

ಒಂಬತ್ತನೆಯ ದಿನ ದೊಡ್ಡಹನುಮಯ್ಯ ಹೂವು, ತೆಂಗಿನಕಾಯಿ, ಒಂದು ಹಿಡಿ ಬೆಳ್ಳಗಿನ ಗೂಡು ಹಿಡಿದು ಬಂದ. ಹಿಂದೆ ಅಕ್ಕೂರಿನ ಅರ್ಧ ಊರು.

ಅಲ್ಲಿಂದ ಶುರು. ಒಬ್ಬಳು ಕಳೆದ ಓಲೆ ಮನೆಯಲ್ಲೇ ಇದೆಯೇ ಎಂದು ಕೇಳಿದಳು. ತಲೆಯಾಡಿತು, ಓಲೆ ರಾಗಿ ಡ್ರಮ್ಮಿನಲ್ಲಿ ಸಿಕ್ಕಿತು. ಯಾವುದೋ ಹಳ್ಳಿಯ ಹಾಲಿನ ಸಂಘಕ್ಕೆ ಚುನಾವಣೆ. ಬೆಳಿಗ್ಗೆ ಬಾಲರಾಜು ಎಂಬ ಅಭ್ಯರ್ಥಿ ಬಂದು “ನಾನೇ ಅಧ್ಯಕ್ಷ ಆಯ್ತೀನಾ?” ಅಂದ. ಹೌದು. ಮಧ್ಯಾಹ್ನ ಅವನ ಎದುರಾಳಿ ಬಂದು ಅದನ್ನೇ ಕೇಳಿದ. ಅದಕ್ಕೂ ಹೌದು. ಇದೀಗ ಬೊಂಬೆಯ ಬಣ್ಣ ಬಯಲಾಗುತ್ತದೆ ಎಂದು ನಾಗಲಕ್ಷ್ಮಮ್ಮ ಒಳಗೇ ಬೆವತಳು. ವೋಟು ಸಮಸಮ ಬಿದ್ದು, ಇಬ್ಬರೂ ಅವಧಿಯನ್ನು ಅರ್ಧರ್ಧ ಹಂಚಿಕೊಂಡು, ಒಂದೇ ಜೀಪಿನಲ್ಲಿ ಬಂದು ಹಾರ ಹಾಕಿಹೋದರು.

“ಅಂಗ್ಡಿ ಮುಂದೆ ಕರ್ಪೂರ ಹಚ್ತಾವ್ರಲ್ಲ, ಲಂಗಕ್ಕೆ ಬೆಂಕಿ ಬಿದ್ರೆ?” ಅಂತ ತಾಜ್ ಪಾಷಾ ತಲೆ ಚಚ್ಚಿಕೊಂಡರು. ಆದರೆ ಬಂದವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ, ಕಪಾಟುಗಳು ಖಾಲಿಯಾಗುತ್ತಿದ್ದವು. ಹೀಗಾಗಿ ಅವರು ಚಚ್ಚಿಕೊಂಡದ್ದು ಮೆಲ್ಲಗೆ.

ನಾಗಲಕ್ಷ್ಮಮ್ಮ ಪರೀಕ್ಷೆಗಿಳಿದಳು. ಒಂದು ಶುಕ್ರವಾರ ಸ್ಪ್ರಿಂಗನ್ನು ವೇಷದ ಹೆಗಲಿನ ಚೌಕಟ್ಟಿಗೆ ರೇಷ್ಮೆ ಹುರಿಯಿಂದ ಬಿಗಿದು ಗಂಟು ಹಾಕಿದಳು. ಅವಳು ಹಾಕಿದ ಗಂಟನ್ನು ಕಾರ್ಖಾನೆಯಲ್ಲಿ ಯಾರೂ ಬಿಚ್ಚಿದ್ದಿಲ್ಲ. ಆ ದಿನ ಬೊಂಬೆ ನಲವತ್ತಮೂರು ಸಲ ತಲೆಯಾಡಿಸಿತು. (ಅವಳು ಎಣಿಸಿದ್ದಳು.) ಸಂಜೆ ನೋಡಿದರೆ ಗಂಟು ಹಾಕಿದ ಹಾಗೆಯೇ ಇತ್ತು.

“ಅಕ್ಬರಿ, ಇದು ನಾನಲ್ಲ ಕಣೆ ಆಡ್ಸೋದು.”

“ಮತ್ಯಾರು? ನಾನಾ? ಸುಮ್ನಿರು ಲಕ್ಷ್ಮಕ್ಕ, ನಂಗೆ ಬಿ.ಪಿ. ಐತೆ,” ಅಂದಳು ಅಕ್ಬರಿ. ಅಂದವಳು ಆ ದಿನದಿಂದ ಹಿಂದಿನ ಕೋಣೆಗೆ ಒಬ್ಬಳೇ ಹೋಗುವುದನ್ನು ಬಿಟ್ಟಳು.

ಇನ್ನು ಮನೆಯ ಕಡೆ. ಮಗ ಮುನೇಶ್ ಹಾರೋಹಳ್ಳಿಯ ಫ್ಯಾಕ್ಟರಿಗೆ ಬೆಳಿಗ್ಗೆ ಆರಕ್ಕೆ ಹೋಗುವವನು. ಸೊಸೆ ರಮ್ಯಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅತ್ತೆ ಸೊಸೆಯರ ಜಗಳ ಬೀದಿಗೆಲ್ಲ ಗಡಿಯಾರವಿದ್ದ ಹಾಗೆ. ಸಾರಿಗೆ ಉಪ್ಪು ಜಾಸ್ತಿ ಅಂದರೆ ಏಳೂವರೆ, ಮಿಷನ್ನಿನ ಸದ್ದಿಗೆ ತಲೆನೋವು ಅಂದರೆ ಮೂರು. ಆ ಗಡಿಯಾರ ಒಂದು ದಿನ ನಿಂತಿತು.

“ಅತ್ತೆ, ಸಾರ್ಗೆ ಉಪ್ಪು ಸರಿಯಾಗೈತಾ?”

ನಾಗಲಕ್ಷ್ಮಮ್ಮ ತಲೆಯಾಡಿಸಿದಳು.

“ಅತ್ತೆ, ಉಪ್ಪೇ ಹಾಕಿಲ್ಲ ನಾನು!”

ಅದಕ್ಕೂ ತಲೆಯಾಡಿಸಿದಳು.

ಬೈಯಬೇಕೆಂದು ಬೈಗುಳ ಗಂಟಲಿನವರೆಗೆ ಬರುತ್ತಿತ್ತು. ಅಷ್ಟರಲ್ಲಿ ಕತ್ತು ತಾನಾಗಿ ಬಾಗಿ, ಬೈಗುಳ ಅಲ್ಲೇ ಮಡಚಿಕೊಳ್ಳುತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಕೈ ಜೋತುಬಿಟ್ಟು ನಿಂತರೆ ನಿಂತೇ ಇರುತ್ತಿದ್ದಳು. ಮುಖದಲ್ಲಿ ನಗು. ಬಟ್ಟೆಯಲ್ಲಿ ಕರ್ಪೂರದ ವಾಸನೆ. ಒಂದು ಮಧ್ಯಾಹ್ನ ರಮ್ಯಾ ಸೂಜಿಗೆ ದಾರ ಪೋಣಿಸಿ ತಲೆಯೆತ್ತಿದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅರ್ಧ ಬ್ಲೌಸ್ ಹೊಲಿದು ಮತ್ತೆ ತಲೆಯೆತ್ತಿದಾಗಲೂ ಹಾಗೇ ನಿಂತಿದ್ದರು. ಕಣ್ಣು ಮಿಟುಕಿಸಿದ ಹಾಗೆ ಕಾಣಲಿಲ್ಲ. ಆ ಬ್ಲೌಸಿನ ಎರಡು ತೋಳೂ ಒಂದೇ ಕಡೆ ಹೊಲಿಗೆಯಾಯಿತು.

ಮುಂದಿನ ಶುಕ್ರವಾರ ಸಂಜೆ ನಾಲ್ಕೂವರೆ. ಸಾಲಿನಲ್ಲಿ ಆರನೆಯವಳಾಗಿ ನಿಂಬೆಹಣ್ಣು, ವೀಳ್ಯದೆಲೆ ಹಿಡಿದು ನಿಂತಿದ್ದಳು ರಮ್ಯಾ.

ಬಲೆಯ ಒಳಗಿನಿಂದ ನಾಗಲಕ್ಷ್ಮಮ್ಮ ಸೊಸೆಯ ಮುಂದಿದ್ದವರನ್ನು ಎಣಿಸಿದಳು. ಐವರೂ ಕೇಳಿಕೊಂಡು ಹೋದರು. ರಮ್ಯಾ ಹತ್ತಿರ ಬಂದಳು, ಗೇಣು ದೂರ. ಅವಳು ನೋಡುತ್ತಿದ್ದದ್ದು ಬೊಂಬೆಯ ಕಣ್ಣುಗಳನ್ನು. ಅವು ನಾಗಲಕ್ಷ್ಮಮ್ಮನ ನೆತ್ತಿಗಿಂತ ಮೇಲಿದ್ದವು. ತನ್ನ ತಲೆಯ ಮೇಲೆ ಇನ್ಯಾರೋ ಇದ್ದು, ಸೊಸೆ ಅವರೊಡನೆ ಮಾತಾಡುತ್ತಿದ್ದ ಹಾಗಿತ್ತು.

“ತಾಯಿ, ನಮ್ಮತ್ತೆ ಒಂದಕ್ಕೆ ಹತ್ತು ಮಾತಾಡೋರು,” ಅಂದಳು ರಮ್ಯಾ ಮೆಲ್ಲಗೆ. “ಅವ್ರು ಬೈದ್ರೇನೆ ಮನೆ ಮನೆ ಇದ್ದಂಗಿತ್ತು. ಈಗ ಮಾತಿಲ್ಲ, ಕತೆಯಿಲ್ಲ, ಬರೀ ನಗ್ತಾರೆ. ಅವ್ರ ಮೈಯಾಗೆ ಬೇರೆ ಯಾರೋ ಅವ್ರೆ ಅನ್ನಿಸ್ತೈತೆ. ಗಾಳಿ ಗೀಳಿ ಸೋಕೈತಾ ತಾಯಿ?”

‘ಇಲ್ಲ ಕಣೇ ಪೆದ್ದೀ!’ ಎಂದು ನಾಗಲಕ್ಷ್ಮಮ್ಮ ಒಳಗೇ ಅಂದುಕೊಂಡಳು. ಬೊಂಬೆ ತಲೆಯಾಡಿಸಿತು.

“ಅಂಗಾರೆ ಮಾಗಡಿಗೆ ನಮ್ಮ ನಾದಿನಿ ಮನೆಗೆ ಕಳಿಸ್ಲಾ? ಜಾಗ ಬದ್ಲಾದ್ರೆ ಸರಿಹೋಯ್ತಾರಾ?”

ಮಾಗಡಿ! ಮಗಳು ನಯನಾ ಒಳ್ಳೆಯವಳೇ. ಆದರೆ ಆ ಮನೆಯಲ್ಲಿ ಬೀಗಿತ್ತಿ ಕೆಂಚಮ್ಮ ಇದ್ದಾಳೆ. ಬೀಗಿತ್ತಿಯ ಮನೆಯಲ್ಲಿ ನೀರನ್ನೂ ಕೇಳಿ ಕುಡಿಯಬೇಕು; ಬೈಯುವುದಂತೂ ದೂರವೇ ಉಳಿಯಿತು. ತನ್ನ ಒಲೆ, ತನ್ನ ಮಣೆ, ತನ್ನ ಸೊಸೆ, ಎಲ್ಲ ಈಗ ಒಂದು ಸ್ಪ್ರಿಂಗಿನ ತುದಿಯಲ್ಲಿ ನಿಂತಿತ್ತು. ನಾಗಲಕ್ಷ್ಮಮ್ಮ ಕೈಗವಸಿನ ಎರಡೂ ಕೈ ಎತ್ತಿ ಬೊಂಬೆಯ ಗದ್ದವನ್ನು ಬಲವಾಗಿ ಹಿಡಿದಳು. ಒಂದು ಕೂಗು ಹಾಕಿದ್ದರೆ ಮುಗಿಯುತ್ತಿತ್ತು. ಹಿಂದೆ ಮೂವತ್ತು ಜನ ಕೈಮುಗಿದು ನಿಂತಿದ್ದರು. ಅಂಗಡಿಯ ಬಾಗಿಲಲ್ಲಿ ಅಕ್ಬರಿ ನಿಂತಿದ್ದಳು, ಆಣೆಯಿಟ್ಟ ತಲೆ ಸಮೇತ.

ಅವಳು ಕೂಗಲಿಲ್ಲ. ಹಿಡಿದ ಎರಡು ಕೈಗಳನ್ನೂ ಎಳೆದುಕೊಂಡು ತಲೆ ಕೆಳಗೆ ಹೋಯಿತು, ಮೇಲೆ ಬಂತು.

“ನೋಡ್ರಪ್ಪಾ, ಇವತ್ತು ಗದ್ದ ಹಿಡ್ದು ಹೇಳ್ತು!” ಎಂದು ಜನ ಉದ್ಗಾರ ತೆಗೆದರು. ಗದ್ದ ಹಿಡಿದು ಹೇಳಿದ್ದು ತಪ್ಪುವುದಿಲ್ಲ ಎಂದು ಅಲ್ಲೇ ತೀರ್ಮಾನವೂ ಆಯಿತು.

ಮನೆಗೆ ಬಂದಾಗ ಚೀಲ ಸಿದ್ಧವಾಗಿತ್ತು. ನಾಲ್ಕು ಸೀರೆ, ಮಂಡಿನೋವಿನ ಎಣ್ಣೆ, ಕನ್ನಡಕ. ಮುನೇಶ್ ಗೋಡೆ ನೋಡುತ್ತಿದ್ದ. ರಮ್ಯಾ ಅತ್ತೆಯ ಕೈ ಹಿಡಿದುಕೊಂಡಳು.

“ಅತ್ತೆ, ನಂಗೆ ಕಳಿಸಕ್ಕೆ ಇಷ್ಟ ಇಲ್ಲ. ಒಂದೇ ಒಂದ್ ಸಲ ಬೈರಿ. ಬೇಡ ಅನ್ನಿ ಸಾಕು, ಚೀಲ ಬಿಚ್ಬುಡ್ತೀನಿ. ಮಾಗಡಿಗೆ ಹೋಗ್ತೀರಾ?”

ಇದಕ್ಕಿಂತ ಸುಲಭದ ಪ್ರಶ್ನೆ ಇರಲಿಲ್ಲ. ಉತ್ತರ ಎರಡೇ ಅಕ್ಷರ. ನಾಗಲಕ್ಷ್ಮಮ್ಮ ಬಾಯಿ ತೆರೆದಳು. ‘ಬೇ’ ಎಂಬುದು ನಾಲಗೆಯ ತುದಿಗೂ ಬಂತು. ಅಷ್ಟರಲ್ಲಿ ಕತ್ತು ಮೆಲ್ಲಗೆ ಕೆಳಗೆ ಹೋಗಿ, ಮೇಲೆ ಬಂತು.

“ಹೋಗ್ತಾರಂತೆ,” ಅಂದ ಮುನೇಶ್. ರಮ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಗಲಕ್ಷ್ಮಮ್ಮ ನಗುತ್ತಾ ನಿಂತಿದ್ದಳು.

ಮಾರನೆಯ ದಿನ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಮುನೇಶ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ, ಅಮ್ಮ ಗೆಳತಿಗೆ ಹೇಳಿ ಬರಲಿ ಎಂದು. ಅಕ್ಬರಿ ಅವಳನ್ನು ತಬ್ಬಿಕೊಂಡು, “ಟೀ ಕುಡಿಯದೆ ಹೋದ್ರೆ ನಿನ್ ಕಾಲ್ ಮುರಿತೀನಿ,” ಎಂದು ಅಳುತ್ತಲೇ ಒಲೆ ಹಚ್ಚಲು ಹೋದಳು. ನಾಗಲಕ್ಷ್ಮಮ್ಮ ಹಿಂದಿನ ಕೋಣೆಗೆ ಹೋಗಿ ನಿಂತಳು.

ಹನ್ನೊಂದೂಕಾಲು. ಕರೆಂಟು ಹೋಗಿತ್ತು. ಹಳದಿ ಲಂಗ ಮೊಳೆಗೆ ನೇತಾಡುತ್ತಿತ್ತು, ಬರಿದು. ಸ್ಟೂಲಿನ ಮೇಲೆ ತಲೆ, ಕೆಳಗೆ ಬರೀ ಮರ. ಫ್ಯಾನು ನಿಂತಿತ್ತು. ಅವಳು ಕಿವಿಗೊಟ್ಟು ಕೇಳಿದಳು. ಲಾರಿ ಇಲ್ಲ, ಬಸ್ಸಿಲ್ಲ, ಸೈಕಲ್ಲೂ ಇಲ್ಲ.

ತಲೆ ಈ ಸಲ ಆಡಲಿಲ್ಲ. ಬಲೆ ಕಟ್ಟಿದ ಬಾಯಿಯ ಒಳಗಿನಿಂದ ಮಾತು ಬಂತು. ಯಾರ ದನಿ ಎಂದು ಅವಳು ಯೋಚಿಸಬೇಕಾಗಲಿಲ್ಲ. ಮನೆಯಲ್ಲಿ ಕಳೆದುಹೋಗಿದ್ದ ಅವಳದೇ ದನಿ, ಒಂದಕ್ಕೆ ಹತ್ತು ಆಡುತ್ತಿದ್ದ ಆ ಒರಟು ದನಿ, ಒಂದೆಳೆಯೂ ಹೆಚ್ಚುಕಡಿಮೆಯಿಲ್ಲದೆ:

“ಏನಮ್ಮಣ್ಣಿ, ಒಬ್ಳೇ ಹೊಂಟ್ಯಾ? ಹೆಂಗಸ್ರಿಗೆ ಬಸ್ಸು ಪುಕ್ಸಟ್ಟೆ ತಾನೆ, ನಾನೂ ಬರ್ಲಾ?”