ರೈಲಿಗೊಂದು ಪೆಟ್ಟಿಗೆ

ನಾರಾಯಣಪೇಟೆಗೆ ರೈಲಿಲ್ಲ. ಊರಿನ ಹೆಸರು ಹೊತ್ತ ಸ್ಟೇಷನ್ನೊಂದು ಇದೆ, ಆದರೆ ಅದು ಪಕ್ಕದ ರಾಜ್ಯದಲ್ಲಿದೆ. ಹೆಸರು ನಮ್ಮದು, ರೈಲು ಅವರದು. ಈ ಅನ್ಯಾಯವನ್ನು ಊರವರೆಲ್ಲ ಬಸ್ಸಿನಲ್ಲಿ ಓಡಾಡುತ್ತ ಮರೆತುಬಿಟ್ಟಿದ್ದರು. ಮರೆಯದೆ ಉಳಿದವನು ಭಾನುಪ್ರಕಾಶ ಒಬ್ಬನೇ. ಅವನು ತನ್ನ ಮಂಚದ ಕೆಳಗೇ ಒಂದು ರೈಲು ಇಟ್ಟುಕೊಂಡಿದ್ದ.

ಭಾನುಪ್ರಕಾಶ ಚೌಕದ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿಗಳು ನಲವತ್ತು ಸೀರೆ ಬಿಚ್ಚಿಸಿ ನೋಡಿ, ‘ನಾಳೆ ಬರ್ತೀವಿ’ ಎಂದು ಎದ್ದುಹೋದ ಮೇಲೆ ಆ ನಲವತ್ತನ್ನೂ ಮೊದಲಿನಂತೆ ಮಡಿಸಿಡುವುದು ಅವನ ಉದ್ಯೋಗ. ಇಂಥ ಉದ್ಯೋಗ ಮಾಡುವವನು ಮನೆಗೆ ಬಂದು ಹೆಂಡತಿಯೊಡನೆ ಜಗಳವಾಡಬೇಕು, ಇಲ್ಲವೆ ಏನಾದರೊಂದು ಚಟ ಹಚ್ಚಿಕೊಳ್ಳಬೇಕು. ಜಗಳದಲ್ಲಿ ಗೆಲ್ಲುವ ಭರವಸೆ ಇಲ್ಲದ್ದರಿಂದ ಅವನು ರೈಲು ಮಾಡಿದ. ಬ್ಯಾಟರಿಯಿಂದ ಓಡುವ ಎಂಜಿನ್ ಮಾತ್ರ ಹೈದರಾಬಾದಿನಿಂದ ತರಿಸಿದ್ದು. ನಾಲ್ಕು ಬೋಗಿಗಳನ್ನು ತಾನೇ ಕೆತ್ತಿದ್ದು, ತೀರಿಹೋದ ಅಪ್ಪ ವೆಂಕಟಯ್ಯ ಮಗ್ಗದಲ್ಲಿ ಸವೆಸಿದ ಲಾಳಿಗಳಿಂದ. ಮೂವತ್ತು ವರ್ಷ ಅತ್ತಿಂದಿತ್ತ ಓಡಿದ ಕಟ್ಟಿಗೆ ಅದು. ಮೂಲೆಯಲ್ಲಿ ಸುಮ್ಮನೆ ಬಿದ್ದಿರುವುದನ್ನು ನೋಡಿ ಅವನಿಗೆ ಸಂಕಟವಾಗಿತ್ತು. ಮೂರು ವರ್ಷ ಕೂತು ಕಿಟಕಿ ಕೊರೆದು, ಗಾಲಿ ಕೂಡಿಸಿ, ಬಣ್ಣ ಹಚ್ಚಿದ್ದ.

ಇಷ್ಟು ಅಕ್ಕರೆಯ ರೈಲು ವಾಸವಿದ್ದದ್ದು ರಸ್ಕ್ ತುಂಬಿ ಬಂದಿದ್ದ ಒಂದು ರಟ್ಟಿನ ಡಬ್ಬಿಯಲ್ಲಿ. ತಾಯಿ ಬಾಲಮ್ಮ ದಿನಕ್ಕೆ ಎರಡು ಹೊತ್ತು ಮಂಚದ ಕೆಳಗೆ ಕಸಬರಿಗೆ ಆಡಿಸುವಳು. ವಾರಕ್ಕೊಂದು ಗಾಲಿ ಉದುರುವುದು. ಪಡಸಾಲೆಯಲ್ಲಿ ಗಾಜಿನ ಷೋಕೇಸೊಂದಿತ್ತು, ಭಾನುಪ್ರಕಾಶನ ಕಣ್ಣು ಅದರ ಮೇಲೆ. ಮನೆಯಲ್ಲೇ ಸೀರೆ ಮಾರುತ್ತಿದ್ದ ಹೆಂಡತಿ ಸ್ರವಂತಿಯ ಕಣ್ಣೂ ಅದರ ಮೇಲೆಯೇ. ಕೊನೆಗೆ ಅವಳೇ ತೀರ್ಪು ಕೊಟ್ಟಳು.

“ಐತವಾರ ಗದ್ವಾಲದಾಗ ಅದೇನೋ ಪ್ರದರ್ಶನ ಐತಿ ಅಂತೀರಲ್ರೀ, ಹೋಗ್ರಿ. ಬಹುಮಾನ ತಂದ್ರ ಷೋಕೇಸು ನಿಮ್ಮದು. ಬರಿಗೈಲೆ ಬಂದ್ರ ರೈಲು ಅಟ್ಟಕ್ಕ.”

ಅಟ್ಟದಲ್ಲಿ ಇಲಿಗಳಿದ್ದವು. ಹೋದ ವರ್ಷ ಐದನೆಯ ಬೋಗಿಯನ್ನು ಅವೇ ಮುಗಿಸಿದ್ದವು.

ಕೈಯಿಂದ ಮಾಡಿದ ಪುಟ್ಟ ಮಾದರಿಗಳ ಆ ಪ್ರದರ್ಶನದವರು ಕಳಿಸಿದ ಕಾಗದದಲ್ಲಿ ಮೂರು ಬಹುಮಾನಗಳಿದ್ದವು. ಚೆಂದದ ಮಾದರಿಗೊಂದು, ಚೆನ್ನಾಗಿ ಓಡುವ ಮಾದರಿಗೊಂದು, ಮಾದರಿ ತಂದ ಪೆಟ್ಟಿಗೆಗೊಂದು. ಮೂರನೆಯದನ್ನು ಓದಿ ಭಾನುಪ್ರಕಾಶ ನಕ್ಕುಬಿಟ್ಟ. ಲಾಳಿಯಿಂದ ರೈಲು ಮಾಡಿದವನಿಗೆ ಪೆಟ್ಟಿಗೆಯ ಬಹುಮಾನ ಯಾಕೆ? ಆದರೆ ಕೆಳಗಿನ ಸಾಲು ನಗುವಂಥದ್ದಾಗಿರಲಿಲ್ಲ. ಮಾದರಿಯನ್ನು ಗಾಜು ಹಾಕಿದ ಗಟ್ಟಿ ಪೆಟ್ಟಿಗೆಯಲ್ಲೇ ತರಬೇಕು, ರಟ್ಟಿನ ಡಬ್ಬಿಗಳಿಗೆ ಪ್ರವೇಶವಿಲ್ಲ.

ಸುದ್ದಿ ತಿಳಿದದ್ದೇ ಓಣಿಯವರೆಲ್ಲ ಪೆಟ್ಟಿಗೆಯ ಪಂಡಿತರಾದರು. ಒಬ್ಬರು ಹಾರ್ಮೋನಿಯಂ ಪೆಟ್ಟಿಗೆ ತೋರಿಸಿದರು, ಅದರಲ್ಲಿ ಹಾರ್ಮೋನಿಯಂ ಇತ್ತು. ಇನ್ನೊಬ್ಬರು ಮೀನು ತರುವ ಥರ್ಮಾಕೋಲ್ ಡಬ್ಬಿ ತಂದರು, ಅದರಲ್ಲಿ ಮೀನಿನ ನೆನಪು ಇತ್ತು. ಬಾಲಮ್ಮ ಎಲೆಅಡಿಕೆ ಜಗಿಯುತ್ತ, “ಗದ್ವಾಲದವರು ಇಡೀ ಸೀರೀನ ಬೆಂಕಿಪೊಟ್ಟಣದಾಗ ಮಡಚಿ ಇಡ್ತಿದ್ರಂತ. ನಿನಗ ಎರಡು ಮೊಳದ ಬಂಡಿ ಇಡಾಕ ಒಂದು ಪೆಟ್ಟಿಗಿ ಸಿಗವಲ್ದೇನಪಾ?” ಎಂದಳು.

ಎದುರುಮನೆಯ ಮೊಗುಲಪ್ಪ ಬಸ್ ಕಂಡಕ್ಟರನಾಗಿ ನಿವೃತ್ತನಾದವನು. ಸಾಮಾನು ಸಾಗಿಸುವ ವಿಷಯದಲ್ಲಿ ತನ್ನ ಮಾತೇ ಕಡೆಯದು ಎಂದು ನಂಬಿದವನು. “ಲೇ ಭಾನು, ತಯಾರಾದ ಪೆಟ್ಟಿಗಿ ಹುಡುಕಬ್ಯಾಡ. ಬಡಿಗೇರ ಸಾಯಣ್ಣಗ ಹೇಳು. ಅವನ ಕೈ ಅಂದ್ರ ಕೈ,” ಎಂದ.

ಕೈಯೇನೋ ಕೈಯೇ. ಆದರೆ ಸಾಯಣ್ಣ ಹುಟ್ಟಿದಾಗಿನಿಂದ ದೇವರ ಮಂಟಪಗಳನ್ನು ಬಿಟ್ಟು ಬೇರೇನನ್ನೂ ಮಾಡಿದವನಲ್ಲ. ಭಾನುಪ್ರಕಾಶ ಚೀಟಿಯಲ್ಲಿ ಬರೆದೇ ಕೊಟ್ಟ: ಎರಡೂವರೆ ಮೊಳ ಉದ್ದ, ಒಂದು ಗೇಣು ಎತ್ತರ, ಮುಂದೆ ಗಾಜು, ಒಳಗೆ ಸ್ಪಂಜು, ಮೇಲೆ ಹಿಡಿಯಲು ಒಂದು ಹಿಡಿ. ಸಾಯಣ್ಣ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಕಿವಿಗೆ ಸಿಕ್ಕಿಸಿಕೊಂಡ. ಅಷ್ಟೇ, ಮತ್ತೆ ತೆಗೆದು ಓದಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಪೆಟ್ಟಿಗೆ ಬಂತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂಬ ಗಾದೆ ಇದೆಯಲ್ಲ, ಸಾಯಣ್ಣ ಅವರ ತಾತನನ್ನೂ ಬಿಟ್ಟಿರಲಿಲ್ಲ. ಉದ್ದ ಸರಿಯಿತ್ತು, ಗಾಜೂ ಇತ್ತು. ಆದರೆ ಎರಡೂ ಬದಿಗೆ ಕಂಬಗಳು, ಕಂಬಕ್ಕೊಂದು ಕಮಲ, ಅಂಚಿಗೆಲ್ಲ ಸಣ್ಣ ಗಂಟೆಗಳು, ನಡುವೆ ಮೊಳದೆತ್ತರದ ಗೋಪುರ!

“ಸಾಯಣ್ಣ, ಇದು ರೈಲಿಗಪಾ!” ಭಾನುಪ್ರಕಾಶ ತಲೆ ಹಿಡಿದುಕೊಂಡ.

“ಗೊತ್ತೈತ್ರೀ. ಆದ್ರ ಗಾಜು ಕೂಡ್ರಿಸಿದ ಮ್ಯಾಲೆ ಗೋಪುರ ಇಲ್ಲದ ಪೆಟ್ಟಿಗಿ ನನ್ನ ಕೈಯಾಗ ಬರಂಗಿಲ್ರಿ. ನೋಡ್ರಿ, ಗೋಪುರದಾಗ ಕಂಡಿ ಬಿಟ್ಟೀನಿ, ಊದಬತ್ತಿ ಹೊಗಿ ಹೋಗಾಕ.”

“ರೈಲಿಗ್ಯಾಕ ಊದಬತ್ತಿ?”

“ಈಗ ಬ್ಯಾಡ ಅಂತೀರಿ. ಆಮ್ಯಾಲೆ ಬೇಕಂದ್ರ ಕೊರಿಯಾಕ ಬರಂಗಿಲ್ಲ,” ಎಂದು ಸಾಯಣ್ಣ ದೂರದೃಷ್ಟಿಯಿಂದ ಹೇಳಿದ.

ಜಗಳಕ್ಕೆ ಹೊತ್ತಿರಲಿಲ್ಲ, ಎಂಟಕ್ಕೆ ಬಸ್ಸು. ರೈಲನ್ನು ಸ್ಪಂಜಿನ ನಡುವೆ ಕೂರಿಸಿದ್ದಾಯಿತು. ಸ್ರವಂತಿ ದೂಳು ಬೀಳದಿರಲೆಂದು ಒಂದು ಕೆಂಪಂಚಿನ ರೇಷ್ಮೆ ತುಂಡನ್ನು ಗಾಜು ಮುಚ್ಚುವಂತೆ ಪೆಟ್ಟಿಗೆಗೆ ಹೊದಿಸಿದಳು. ಕಂಡಕ್ಟರಿಕೆ ಮಾಡಿದವನು ಜೊತೆಗಿದ್ದರೆ ಸಾಮಾನಿಗೆ ಕ್ಷೇಮ ಎಂದು ಮೊಗುಲಪ್ಪ ಕರೆಯದೆಯೇ ಹೊರಟು ನಿಂತ.

ಹೆಂಗಸರಿಗೆ ಟಿಕೆಟ್ ಇಲ್ಲದ ಕಾಲ ಇದು. ಮಕ್ತಲದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡಸರು ಹಿಂದಿನ ಬಾಗಿಲಲ್ಲಿ ಬಾವಲಿಗಳಂತೆ ಜೋತುಬಿದ್ದಿದ್ದರು. ಎರಡೂವರೆ ಮೊಳದ ಪೆಟ್ಟಿಗೆ ನೋಡಿ ಕಂಡಕ್ಟರ್ ಕೈ ಅಡ್ಡ ಹಿಡಿದ. ಮೊಗುಲಪ್ಪ ತನ್ನ ಮೂವತ್ತು ವರ್ಷದ ಅನುಭವವನ್ನೆಲ್ಲ ಒಂದೇ ಮಾತಿನಲ್ಲಿ ಸುರಿದ.

“ಜರಗ್ರಿ, ಜರಗ್ರಿ! ದೇವರು ಐತಿ!”

ಬಸ್ಸು ಇಬ್ಭಾಗವಾಯಿತು. ಬಸಿರಿ ಹೆಂಗಸಿಗೆ, ಕೋಲು ಹಿಡಿದ ಮುದುಕನಿಗೆ ಸಿಗದ ಸೀಟು ಪೆಟ್ಟಿಗೆಗೆ ಸಿಕ್ಕಿತು. ಭಾನುಪ್ರಕಾಶ ಮೊಗುಲಪ್ಪನ ಕಿವಿಯಲ್ಲಿ, “ಕಾಕಾ, ಸುಳ್ಳು ಯಾಕ ಹೇಳಿದಿ?” ಎಂದು ಪಿಸುಗುಟ್ಟಿದ.

“ಸುಳ್ಳೆಲ್ಲಿ? ಎಲ್ಲಾದರಾಗೂ ದೇವರು ಇರ್ತಾನ. ರೈಲಿನಾಗ ಇರಂಗಿಲ್ಲೇನು?”

ಈ ವೇದಾಂತ ಮುಗಿಯುವಷ್ಟರಲ್ಲಿ ಹಿಂದಿನ ಸೀಟಿನಿಂದ ಒಂದು ಮಲ್ಲಿಗೆ ದಂಡೆ ಬಂದು ಗೋಪುರದ ಮೇಲೆ ಬಿತ್ತು.

ಮಕ್ತಲದಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿ ಜಮ್ಮುಲಮ್ಮನ ದರ್ಶನಕ್ಕೆ ಗದ್ವಾಲಕ್ಕೆ ಹೊರಟ ಹೆಂಗಸರ ತಂಡವೊಂದು ಕಾಯುತ್ತಿತ್ತು. ತಂಡಕ್ಕೆ ಉರುಕುಂದಮ್ಮ ಎಂಬ ಅಜ್ಜಿ ಯಜಮಾನಿ. ಕಾಸಿನಗಲ ಕುಂಕುಮ, ಕಂಕುಳಲ್ಲಿ ಕಾಯಿಯ ಚೀಲ. ಪೆಟ್ಟಿಗೆ ಕಂಡದ್ದೇ ಅಜ್ಜಿ ಚಪ್ಪಲಿ ಬಿಟ್ಟು ಹತ್ತಿರ ಬಂದಳು.

“ಯಾವ ದೇವರಪ್ಪಾ?”

“ದೇವರಲ್ಲಬೇ, ಇದು ರೈಲು,” ಎಂದ ಭಾನುಪ್ರಕಾಶ. ಆ ದಿನ ದಾರಿಯುದ್ದಕ್ಕೂ ಪೆಟ್ಟಿಗೆಯ ಬಗ್ಗೆ ಯಾರಾದರೂ ಆಡಿದ ಏಕೈಕ ಶುದ್ಧ ಸತ್ಯ ಅದು. ಯಾರೂ ನಂಬಲಿಲ್ಲ.

“ದೇವರನ್ನ ಹೊತ್ತವರು ಹಂಗ ಹೆಸರು ಹೇಳಂಗಿಲ್ಲ ಬಿಡು,” ಎಂದು ಅಜ್ಜಿ ತನ್ನವರಿಗೆ ತಿಳಿಹೇಳಿದಳು. ಆಮೇಲೆ ರೇಷ್ಮೆ ಸರಿಸಿ, ಒಳಗೆ ಇಣುಕದೆಯೇ ಗಾಜಿಗೆ ಅರಿಸಿನ ಹಚ್ಚಿದಳು, ಅರಿಸಿನದ ಮೇಲೆ ಕುಂಕುಮ ಹಚ್ಚಿದಳು. ಅಜ್ಜಿ ಹಚ್ಚಿದ ಮೇಲೆ ಉಳಿದ ಹದಿನಾಲ್ಕು ಹೆಂಗಸರೂ ಹಚ್ಚಬೇಕಾಯಿತು. ಭಾನುಪ್ರಕಾಶ ತಡೆಯಲು ಹೋದಾಗ ಒಬ್ಬಳು ಅವನ ಹಣೆಗೂ ಹಚ್ಚಿದಳು. ಕೊನೆಗೆ ಅಜ್ಜಿ ಬಸ್ಸಿನ ಮೆಟ್ಟಿಲಿಗೆ ಕಾಯಿ ಒಡೆದು, ನೀರು ವ್ಯರ್ಥವಾಗಬಾರದೆಂದು ಸುತ್ತ ನೋಡಿದಳು. ಗೋಪುರದ ಕಂಡಿ ಕಣ್ಣಿಗೆ ಬಿತ್ತು. “ಅಭಿಷೇಕಕ್ಕ ದಾರಿ ಬಿಟ್ಟಾರ ನೋಡ್ರೇ!” ಎಂದು ಎರಡೂ ಹೋಳಿನ ನೀರನ್ನು ಅದರೊಳಗೇ ಸುರಿದಳು.

ಒಳಗೆ ಬುಳಬುಳ ಎಂದಿತು. ಭಾನುಪ್ರಕಾಶ ಎರಡೂ ಅಂಗೈಯಿಂದ ಕಂಡಿ ಮುಚ್ಚುವಷ್ಟರಲ್ಲಿ ಸುರಿದು ಮುಗಿದಿತ್ತು.

ಜುರಾಲ ಅಣೆಕಟ್ಟು ದಾಟುವಾಗ ಎಲ್ಲರೂ ಹೊಳೆ ನೋಡಿದರು. ಅವನೊಬ್ಬ ಪೆಟ್ಟಿಗೆಯ ಸಂದಿಯಿಂದ ತೊಟ್ಟಿಕ್ಕುವುದನ್ನೇ ನೋಡುತ್ತ ಕೂತ. ಅಪ್ಪನ ಲಾಳಿಗಳು ನೆನೆಯುತ್ತಿದ್ದವು. ಅಳು ಬರುವಂತಾಯಿತು, ಆದರೆ ದೇವರ ಪಕ್ಕ ಕೂತು ಅತ್ತರೆ ಭಕ್ತಿಯೆಂದು ತಿಳಿದು ಇನ್ನೊಂದು ಕಾಯಿ ಒಡೆದಾರೆಂದು ಹೆದರಿ ತಡೆದುಕೊಂಡ.

ಗದ್ವಾಲದ ಸಭಾಂಗಣದಲ್ಲಿ ಹದಿನೆಂಟು ಮೇಜುಗಳು. ಉಳಿದವರೆಲ್ಲ ಅಂಗಡಿಯಲ್ಲಿ ಕೊಂಡ ಸಾದಾ ಗಾಜಿನ ಪೆಟ್ಟಿಗೆ ತಂದಿದ್ದರು. ಭಾನುಪ್ರಕಾಶ ಗಾಜು ಒರೆಸಿದ, ಅರಿಸಿನ ಕುಂಕುಮ ಕಲೆತು ಇಡೀ ಗಾಜು ಕೇಸರಿಯಾಯಿತು. ಒದ್ದೆ ಎಂಜಿನ್‌ನ ಗುಂಡಿ ಒತ್ತಿದ, ಅದು ಒಮ್ಮೆ ಸೀನಿ ಸುಮ್ಮನಾಯಿತು. ಅಷ್ಟರಲ್ಲಿ ಸಭಾಂಗಣದ ಬಾಗಿಲು ತೆರೆದು ಜನ ಬಂದೇಬಿಟ್ಟರು.

ಆಮೇಲೆ ನಡೆದದ್ದು ನೋಡಿ ಅವನಿಗೆ ಜೀವ ಬಂತು. ಅವನ ಮೇಜಿನ ಮುಂದೆಯೇ ಎಲ್ಲಕ್ಕಿಂತ ಉದ್ದದ ಸಾಲು! ಜನ ಶಿಸ್ತಿನಿಂದ ಒಬ್ಬೊಬ್ಬರಾಗಿ ಬಂದರು, ಚಪ್ಪಲಿ ಬಿಟ್ಟರು, ಕೈ ಮುಗಿದರು, ಕಣ್ಣು ಮುಚ್ಚಿದರು, ಹೋದರು. ಮೂರು ವರ್ಷ ಕಷ್ಟಪಟ್ಟು ಮಾಡಿದ ರೈಲನ್ನು ಅಷ್ಟು ಜನವೂ ಕಣ್ಣು ಮುಚ್ಚಿಕೊಂಡೇ ನೋಡಿದರು. ಒಬ್ಬನಾದರೂ ಕಿಟಕಿ ಎಣಿಸಲಿಲ್ಲ.

ಹೈದರಾಬಾದಿನಿಂದ ತೀರ್ಪು ಕೊಡಲು ಬಂದಿದ್ದ ಪ್ರಶಾಂತಿ ಮೇಡಂ ಮಾತ್ರ ಕಣ್ಣು ತೆರೆದು, ಕನ್ನಡಕ ಏರಿಸಿ, ಬಗ್ಗಿ ನೋಡಿದರು. ಕಮಲ ಸವರಿದರು, ಗಂಟೆ ಬಾರಿಸಿದರು, ಏನೋ ಬರೆದುಕೊಂಡರು. ಮಧ್ಯಾಹ್ನ ಒಂದು ಗಂಟೆಗೆ ಫಲಿತಾಂಶ. ಚೆಂದದ ಮಾದರಿ ಯಾರದೋ, ಓಡುವ ಮಾದರಿ ಇನ್ಯಾರದೋ. ಭಾನುಪ್ರಕಾಶನ ಕಣ್ಣ ಮುಂದೆ ಅಟ್ಟದ ಇಲಿಗಳು ಬಾಯಿ ಚಪ್ಪರಿಸುತ್ತಿದ್ದವು.

“ಮಾದರಿಯನ್ನು ಅತ್ಯಂತ ಸುರಕ್ಷಿತವಾಗಿ, ಗೌರವದಿಂದ ಸಾಗಿಸಿದ ಪೆಟ್ಟಿಗೆಗಾಗಿ,” ಮೇಡಂ ಓದಿದರು, “ಬಹುಮಾನ, ನಾರಾಯಣಪೇಟೆಯ ಭಾನುಪ್ರಕಾಶ!”

ಸುರಕ್ಷಿತ ಎಂಬ ಮಾತು ಬಂದಾಗ ಪೆಟ್ಟಿಗೆಯಿಂದ ಇನ್ನೊಂದು ತೊಟ್ಟು ಬಿತ್ತು. ಬಹುಮಾನವೋ, ದೊಡ್ಡದೊಂದು ಪಾರದರ್ಶಕ ಪೆಟ್ಟಿಗೆ! ನಾಲ್ಕೂ ಕಡೆ ಸ್ವಚ್ಛ, ಒಡೆಯದ ಪ್ಲಾಸ್ಟಿಕ್ ಹಾಳೆ, ಒಳಗೆ ಮೆತ್ತನೆ ಹಾಸು, ಬೀಗ, ಮೇಲೆ ಹಿಡಿ. ಸಾಯಣ್ಣನಿಗೆ ಚೀಟಿಯಲ್ಲಿ ಬರೆದುಕೊಟ್ಟದ್ದೇ ಇದು. ಇದನ್ನು ಗೆಲ್ಲಲು ಸಾಯಣ್ಣನ ಮಂಟಪ ಬೇಕಾಯಿತು, ಅವನು ಚೀಟಿ ಓದಿದ್ದರೆ ಇದು ಬೇಕೇ ಇರಲಿಲ್ಲ. ಭಾನುಪ್ರಕಾಶನಿಗೆ ಈ ಲೆಕ್ಕ ಹೊಳೆಯಲಿಲ್ಲ. ಅವನು ಕುಣಿಯುವುದೊಂದು ಬಾಕಿ. ನಿನ್ನೆಯವರೆಗೆ ಒಂದು ಪೆಟ್ಟಿಗೆಗೆ ಗತಿಯಿಲ್ಲದ ರೈಲಿಗೆ ಈಗ ಒಂದು ಷೋಕೇಸು, ಒಂದು ಮಂಟಪ, ಒಂದು ಪಾರದರ್ಶಕ ಪೆಟ್ಟಿಗೆ!

ಸಂಜೆ ಐದೂವರೆಗೆ ಮನೆ. ಸ್ರವಂತಿ ಪ್ರಶಸ್ತಿಪತ್ರವನ್ನು ಎರಡು ಸಲ ಓದಿ, “ಮಾತು ಅಂದ್ರ ಮಾತ್ರೀ. ಷೋಕೇಸು ನಿಮ್ಮದು,” ಎಂದಳು. ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಆ ಐದು ನಿಮಿಷದಲ್ಲಿ ಮೊಗುಲಪ್ಪ ಬಸ್ಸಿನ ಕತೆಯನ್ನೆಲ್ಲ ಬಾಲಮ್ಮನಿಗೆ ಹೇಳಿ ಮುಗಿಸಿದ.

ಭಾನುಪ್ರಕಾಶ ಮುಖ ಒರೆಸಿಕೊಳ್ಳುತ್ತ ಬಂದಾಗ ಸಾಯಣ್ಣನ ಮಂಟಪ ಷೋಕೇಸಿನೊಳಗೆ ಮೂಲೆಯಿಂದ ಮೂಲೆಗೆ ಗಟ್ಟಿಯಾಗಿ ಕೂತಿತ್ತು. ಅದರೊಳಗೆ ಮನೆದೇವರ ಪಟ. ರೈಲು ನೆಲದ ಮೇಲೆ ಸಾಲಾಗಿ ನಿಂತಿತ್ತು.

“ಅವ್ವಾ! ಅದು ನನ್ನ ರೈಲಿನ ಪೆಟ್ಟಿಗಿ!”

“ಹದಿನೈದು ಮಂದಿ ಮುತ್ತೈದೇರು ಅರಿಸಿನ ಹಚ್ಚಿ, ಕಾಯಿ ಒಡದು, ಅಭಿಷೇಕ ಮಾಡ್ಯಾರ,” ಎಂದಳು ಬಾಲಮ್ಮ. “ಇನ್ನ ಅದರಾಗ ಆಟಿಗಿ ಇಟ್ರ ಮನಿಗೆ ಒಳ್ಳೇದಾಗ್ತೈತೇನು? ದೇವರನ್ನ ನೆಲಕ್ಕ ಇಡಾಕೂ ಬರಂಗಿಲ್ಲ. ಷೋಕೇಸಿನಾಗ ಇರಲಿ.”

ಹೋಗಲಿ, ಹೊಸ ಪೆಟ್ಟಿಗೆಯಿದೆಯಲ್ಲ ಎಂದು ಅವನು ತಿರುಗಿದ. ಅದರ ಮುಂದೆ ಸ್ರವಂತಿ ಕೂತಿದ್ದಳು. ಒಳಗೆ ಒಂದು ಮೆರೂನ್ ಸೀರೆ, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ.

“ಷೋಕೇಸು ನಿಮಗ ಕೊಟ್ಟೀನಿ, ಇದು ನನಗಿರಲಿ. ನೋಡ್ರೀ, ನಾಕೂ ಕಡಿಯಿಂದ ಅಂಚು ಕಾಣ್ತೈತಿ! ಇನ್ನ ಗಿರಾಕಿಗಳು ಬಿಚ್ಚಿಸಂಗಿಲ್ಲ. ಈ ಪಚ್ಚಿ ಬಣ್ಣದ್ದು ಮಾತ್ರ ಹಿಡಿಯವಲ್ದು, ಒಂಚೂರು ಮಡಚಿ ಕೊಡ್ರಿ. ನಿಮ್ಮ ಕೈಯಂಗ ನನಗ ಬರಂಗಿಲ್ಲ.”

ಊರಿಗೇ ಅಷ್ಟು ಚೆನ್ನಾಗಿ ಸೀರೆ ಮಡಿಸುವವನಿಲ್ಲ. ಭಾನುಪ್ರಕಾಶ ಹಸಿರು ಸೀರೆಯನ್ನು ಕೂದಲೆಳೆಯಷ್ಟೂ ಜಾಗ ಮಿಗದಂತೆ ಮಡಿಸಿ ಕೂರಿಸಿದ. ಅವಳೇ ಬೀಗ ಹಾಕಿಕೊಂಡಳು.

“ಮತ್ತ ನನ್ನ ರೈಲು?”

“ಬಹುಮಾನ ತಂದೀರಿ, ಅಟ್ಟಕ್ಕ ಹಾಕಂಗಿಲ್ರೀ, ಹೆದರಬ್ಯಾಡ್ರಿ,” ಎಂದು ಸ್ರವಂತಿ ಧೈರ್ಯ ಹೇಳಿದಳು. ಒಳಗೆ ಹೋಗಿ ರಸ್ಕಿನ ಡಬ್ಬಿ ತಂದುಕೊಟ್ಟಳು.

ಅವನು ಒದ್ದೆ ಬೋಗಿಗಳನ್ನು ಒಂದೊಂದಾಗಿ ಪಂಚೆಯ ತುದಿಯಿಂದ ಒರೆಸಿ ಡಬ್ಬಿಗೆ ಹಾಕಿ, ಮಂಚದ ಕೆಳಗೆ ತಳ್ಳಿದ. ಹೊರಗೆ ಕತ್ತಲಾಗುತ್ತಿತ್ತು. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು, ಅದಕ್ಕೆ ಬಾಲಮ್ಮ ಅವಸರವಾಗಿ ಕಸಬರಿಗೆ ಹಿಡಿದು ಬಂದು ಮಂಚದ ಕೆಳಗೆ ಜೋರಾಗಿ ಒಮ್ಮೆ ಆಡಿಸಿದಳು. ಒಂದು ಗಾಲಿ ಉರುಳುತ್ತ ಹೊರಬಂದು ಷೋಕೇಸಿನ ಮುಂದೆ ಬಿತ್ತು.

ಬಾಲಮ್ಮ ಅದನ್ನು ಹೆಕ್ಕಿ, ಕಣ್ಣಿಗೊತ್ತಿಕೊಂಡು, ಮಂಟಪದೊಳಗೆ ಇಟ್ಟಳು.